ಹನ್ನೆರಡು ಸೆಂಟಿಮೀಟರ್

ಇನ್ಶಿರಾಹ್ ಕೇಳಿದ್ದು ಒಂದೇ ಒಂದು. ಹೊಸ ಅಡುಗೆಕಟ್ಟೆ ನೆಲದಿಂದ ಎಪ್ಪತ್ತೆಂಟು ಸೆಂಟಿಮೀಟರ್ ಇರಬೇಕು, ಕೂದಲೆಳೆಯಷ್ಟೂ ಹೆಚ್ಚಾಗಕೂಡದು. ಬಾಗಿಲಿಗೆ ಯಾವ ಬಣ್ಣವಾದರೂ ಬರಲಿ, ಹಿಡಿಕೆ ಎಲ್ಲಿಂದಾದರೂ ತನ್ನಿ, ಟೈಲ್ಸ್ ಮೂರು ಸಾಲು ಸಾಕು, ಮಿಕ್ಕ ಗೋಡೆಗೆ ನಾನೇ ಬಣ್ಣ ಬಳಿದುಕೊಳ್ಳುತ್ತೇನೆ ಎಂದಿದ್ದಳು. ಇಷ್ಟಕ್ಕೆಲ್ಲ ಹೂಂ ಅಂದವರು ಆ ಒಂದು ಮಾತನ್ನು ಮಾತ್ರ ಗಾಳಿಗೆ ತೂರಿದರು. ಲೋಕದ ರೀತಿಯೇ ಹಾಗೆ. ಹೆಂಗಸು ಹತ್ತು ಕೇಳಿದರೆ ಆಸೆಬುರುಕಿ, ಒಂದೇ ಕೇಳಿದರೆ ಅದು ಕೇಳಿಸುವುದೇ ಇಲ್ಲ.

ಹಳೆಯ ಕಟ್ಟೆ ಅವಳ ಮಾವ ಕಟ್ಟಿಸಿದ್ದು. ಆ ಮನುಷ್ಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುತ್ತಿದ್ದವನು, ಅತ್ತೆಯೂ ಅವನ ಭುಜಕ್ಕೆ ಸಮ. ಅವರಿಬ್ಬರ ಅಳತೆಗೆ ಎದ್ದ ಇಟ್ಟಿಗೆಯ ಕಟ್ಟೆಯ ಮುಂದೆ, ಮಹಲ್ಲಾ ಊರಿನ ನೂಲಿನ ಗಿರಣಿಯಲ್ಲಿ ದುಡಿಯುವ ಕುಳ್ಳಿ ಸೊಸೆಯೊಬ್ಬಳು ಬಂದು ನಿಂತಳು. ಮೂವತ್ನಾಲ್ಕು ವರ್ಷ ನಿಂತಳು. ಈರುಳ್ಳಿ ಹೆಚ್ಚುವಾಗ ಮೊಣಕೈ ಎದೆಯ ಮಟ್ಟಕ್ಕೆ, ಪಾತ್ರೆ ಕಲಕುವಾಗ ಭುಜ ಕಿವಿಯ ಹತ್ತಿರಕ್ಕೆ. ಬದನೆಕಾಯಿ ಕರಿಯುವಾಗ ಸಿಡಿದ ಎಣ್ಣೆ ಬೇರೆ ಹೆಂಗಸರ ಕೈಗೆ ಬಿದ್ದರೆ ಇವಳ ಗದ್ದಕ್ಕೆ ಬೀಳುತ್ತಿತ್ತು. ಹೋದ ವರ್ಷ ಬಲಭುಜ ಪೂರಾ ಹಟ ಹಿಡಿಯಿತು. ತಲೆ ಬಾಚಿಕೊಳ್ಳಲು ಕೈ ಎತ್ತಲಾಗದೆ, ಮಗಳು ನಿಹಾಲ್ ಗಂಡನ ಮನೆಯಿಂದ ಶುಕ್ರವಾರ ಬರುವುದನ್ನೇ ಕಾಯಬೇಕಾಯಿತು.

"ಮಾತ್ರೆ ಬರ್ಕೊಡ್ತೀನಿ," ಅಂದಿದ್ದರು ಡಾಕ್ಟರು. "ಆದ್ರೆ ಮೊದ್ಲು ಆ ಕಟ್ಟೆ ತಗ್ಗಿಸಿ. ಇನ್ನೊಂದು ವರ್ಷ ಹೀಗೇ ಮಾಡಿದ್ರೆ ಈ ಕೈ ನಿಮ್ಮ ಪಾಲಿಗೆ ಇಲ್ಲ ಅಂತ ತಿಳ್ಕೊಳ್ಳಿ."

ಅದೇ ಸಮಯಕ್ಕೆ ಗಿರಣಿಯಿಂದ ನಿವೃತ್ತಿಯ ಹಣ ಬಂತು. ಎರಡು ಹೆಜ್ಜೆ ಅಗಲ, ಮೂರು ಹೆಜ್ಜೆ ಉದ್ದದ ಅಡುಗೆಮನೆಗೆ ಅದು ಸಾಕಾದರೆ ಪುಣ್ಯ. ಪಾತ್ರೆ ತೊಳೆಯುವ ತೊಟ್ಟಿ ಸೋರಿ ಸೋರಿ ಕಟ್ಟೆಯ ಕೆಳಗಿನ ಮರದ ಕಪಾಟು ಉಬ್ಬಿ ಹೋಗಿತ್ತು, ಜಿರಲೆಗಳು ಅಲ್ಲಿ ಮೂರು ತಲೆಮಾರಿನಿಂದ ಸಂಸಾರ ಹೂಡಿದ್ದವು. ಹೊಸದಾಗಿ ಮರ ಹಾಕಿಸುವ ಮಾತು ಕನಸಿನಲ್ಲೂ ಬೇಡ, ಎಲ್ಲರ ಹಾಗೆ ಅಲ್ಯೂಮಿನಿಯಂ. ಓವನ್ ಇದ್ದ ದೊಡ್ಡ ಒಲೆಯನ್ನು ಮಾರಿ, ಕಟ್ಟೆಯಲ್ಲಿ ಕೂರಿಸುವ ನಾಲ್ಕು ಬರ್ನರಿನದನ್ನು ತಂದಳು. ತೊಟ್ಟಿಯನ್ನು ಹಳೆ ಸಾಮಾನಿನ ಸಂತೆಯಲ್ಲಿ ಚೌಕಾಸಿ ಮಾಡಿ ತಂದು, ಬೂದಿ ಹಾಕಿ ತಿಕ್ಕಿ ಹೊಳೆಯಿಸಿದಳು. ಗ್ಯಾಸಿನ ಕೊಳವೆ ಸರಿಸಲು ಕೇಳಿದ ರೇಟಿಗೆ ಹೆದರಿ ಒಲೆ ಇದ್ದ ಮೂಲೆಯಲ್ಲೇ ಇರಲಿ ಎಂದಳು. ಎಲ್ಲ ಕಡೆ ಕೈ ಬಿಗಿಹಿಡಿದದ್ದು ಆ ಎಪ್ಪತ್ತೆಂಟಕ್ಕಾಗಿ.

ಎಲ್ಲರೂ ಉಸ್ತಾ ಎಂದು ಕರೆಯುವ ಅಲ್ಯೂಮಿನಿಯಂ ಕೆಲಸದ ಮೇಸ್ತ್ರಿ ಫಿಕ್ರಿ ಅಳತೆಗೆ ಬಂದ ದಿನ ಅವಳು ಗೋಡೆಗೆ ಒರಗಿ ನಿಂತು, ಮೊಣಕೈ ಮಡಿಸಿ, ಅದರಿಂದ ಅರ್ಧ ಗೇಣು ಕೆಳಗೆ ತಾನೇ ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿದ್ದಳು. ಉಸ್ತಾ ಅದನ್ನು ಸಿಗರೇಟು ಪ್ಯಾಕಿನ ಮೇಲೆ ಬರೆದುಕೊಂಡಿದ್ದ. ಗಂಡ ಬಹ್ಗತ್ ಆಗ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಶಾಲೆಯ ಗುಮಾಸ್ತಗಿರಿಯಿಂದ ನಿವೃತ್ತನಾದ ಮೇಲೆ ಅವನ ಕಚೇರಿ ಅದೇ. ಮೊಟ್ಟೆ ಬೇಯಿಸಲೂ ಬಾರದ ಆಸಾಮಿ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವುದರಲ್ಲಿ ಊರಿಗೇ ಮೊದಲು.

ಮಂಗಳವಾರ ಬೆಳಿಗ್ಗೆ ಕಟ್ಟೆಯ ಕಲ್ಲು ಹೊರುವ ನಾಲ್ಕು ಅಲ್ಯೂಮಿನಿಯಂ ಪೆಟ್ಟಿಗೆಗಳು ಮೂರು ಮಹಡಿ ಹತ್ತಿ ಬಂದವು. ಎದುರುಮನೆಯ ತಹಿಯ್ಯಾ ಮೆಟ್ಟಿಲಲ್ಲೇ ನಿಂತು ಮದುವೆಮನೆಯಲ್ಲಿ ಹೆಂಗಸರು ಹಾಕುವ ಹಾಗೆ ನಾಲಿಗೆ ಹೊರಳಿಸಿ ಹರ್ಷದ ಉಲಿ ಹಾಕಿದಳು. ಮೇಲಿನ ಮಹಡಿಯವರೂ ದನಿಗೂಡಿಸಿದರು. ಇನ್ಶಿರಾಹ್ ಸೆರಗಿನಂಥ ತಲೆವಸ್ತ್ರ ಬಿಗಿದುಕೊಂಡು, ಬಾಯಿ ತುಂಬ ನಗು ಇಟ್ಟುಕೊಂಡು ಹೊಸ ಪೆಟ್ಟಿಗೆಗಳ ಮುಂದೆ ಹೋಗಿ ನಿಂತಳು. ಎರಡೂ ಅಂಗೈ ಮೇಲಿಟ್ಟಳು. ಮೊಣಕೈಗಳು ಹಳೆಯ ಜಾಗಕ್ಕೇ ಏರಿದವು.

ಮೊದಲು ತನಗೇ ಭ್ರಮೆ ಅಂದುಕೊಂಡಳು. ಆಮೇಲೆ ಒಂದು ಪೆಟ್ಟಿಗೆಯನ್ನು ಮುಂದಕ್ಕೆಳೆದು ಹಿಂದೆ ನೋಡಿದಳು. ಪೆನ್ಸಿಲ್ ಗೆರೆ ಎಷ್ಟೋ ಕೆಳಗಿತ್ತು.

"ಉಸ್ತಾ, ಟೇಪ್ ಹಿಡಿ."

ಫಿಕ್ರಿ ಸೊಂಟದಲ್ಲೇ ಇದ್ದ ಟೇಪನ್ನು ಚೀಲದಲ್ಲಿ ಹುಡುಕಿದ, ಕಿಟಕಿಯ ಮೇಲೆ ಹುಡುಕಿದ. ಕೊನೆಗೆ ಹಿಡಿದ.

"ಮೇಲಿನ ಕಲ್ಲೂ ಸೇರಿದ್ರೆ ತೊಂಬತ್ತು," ಅಂದ.

"ನಾನೆಷ್ಟು ಹೇಳಿದ್ದೆ?"

"ಹೇಳಿದ್ರಿ, ಸುಳ್ಳ್ಯಾಕೆ ಹೇಳ್ಲಿ. ಆಮೇಲೆ ಯಜಮಾನ್ರು ಫೋನ್ ಮಾಡಿದ್ರು. ಮನೆ ಗಂಡಸು ಹೇಳಿದ್ಮೇಲೆ ಇನ್ನೇನು ಅಂತ..."

"ದುಡ್ಡು ಯಾರು ಕೊಟ್ಟಿದ್ದು?"

"ನೀವೇ, ತಾಯಿ."

"ಹಾಗಾದ್ರೆ ನನ್ನನ್ನ ಒಂದ್ಮಾತು ಕೇಳೋಕೆ ನಿನ್ನ ಬಾಯಿಗೇನು ಬೀಗ ಹಾಕಿತ್ತಾ?"

"ಗಂಡ ಹೆಂಡ್ತಿ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ನನ್ ಗತಿ ಹಂಗಾಯ್ತು," ಅಂದ ಫಿಕ್ರಿ. ಅವಳು ನಗಲಿಲ್ಲ.

ದನಿ ಏರಿದ್ದು ಕೇಳಿ ಬಹ್ಗತ್ ಚಹಾ ಲೋಟದ ಸಮೇತ ಒಳಗೆ ಬಂದ. ಒಂದನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುವವನ ಹಾಗೆ, ತಾಳ್ಮೆಯಿಂದ ಶುರು ಮಾಡಿದ.

"ನೋಡು, ಬಟ್ಟೆ ಒಗೆಯೋ ಮಷೀನು ಎಂಬತ್ತೈದಿದೆ. ಅದು ಕಟ್ಟೆ ಕೆಳಗೇ ಹೋಗ್ಬೇಕು, ಬಚ್ಚಲಲ್ಲಿ ಜಾಗ ಇಲ್ಲ. ಎಪ್ಪತ್ತೆಂಟು ಮಾಡಿಸಿದ್ರೆ ಅದನ್ನ ಎಲ್ಲಿಡೋದು, ನಿನ್ ತಲೆ ಮೇಲಾ? ಅದಕ್ಕೇ ನಾನೇ ಟೇಪ್ ಹಿಡಿದು ಅಳೆದೆ. ಒಂದ್ಸಲ ಅಲ್ಲ, ಎರಡು ಸಲ ಅಳೆದೆ."

"ಮಷೀನನ್ನ ಎರಡು ಸಲ ಅಳೆದೆ."

"ಹೂಂ ಮತ್ತೆ."

"ನನ್ನನ್ನ ಎಷ್ಟು ಸಲ ಅಳೆದೆ?"

"ಶುರುವಾಯ್ತಪ್ಪ," ಅಂದ ಬಹ್ಗತ್, ಫಿಕ್ರಿಯ ಕಡೆ ನೋಡಿ ಹುಬ್ಬು ಕುಣಿಸುತ್ತ. "ನೀನು ಮನುಷ್ಯಳು, ಹೊಂದ್ಕೋತೀಯ. ಮಷೀನ್ ಹೊಂದ್ಕೊಳ್ಳುತ್ತಾ? ಹನ್ನೆರಡು ಸೆಂಟಿಮೀಟರಿಗೆ ಇಷ್ಟು ರಂಪ. ಕಾಲ್ಕೆಳಗೆ ಒಂದು ಹಲಗೆ ಹಾಕ್ಕೊಂಡು ನಿಂತ್ಕೋ."

ಇನ್ಶಿರಾಹಳಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ತಿರುಗಿದರೆ ಗೋಡೆ, ಬಗ್ಗಿದರೆ ತೊಟ್ಟಿ, ಈ ಗೂಡಿನಲ್ಲಿ ಕುದಿಯುವ ಸಾರಿನ ಪಾತ್ರೆ ಹಿಡಿದು ಹಲಗೆ ಹತ್ತಿ ಇಳಿಯಬೇಕಂತೆ.

"ಹಲಗೆ ಮಾತು ಆಡ್ಬೇಡ," ಅಂದಳು. "ಗಿರಣೀಲಿ ಮೇಸ್ತ್ರಿ ನಾನು ಕೇಳ್ದೇನೇ ನನ್ ಮಷೀನ್ ಮುಂದೆ ಹಲಗೆ ಹೊಡೆಸಿದ್ದ. ಸೇರಿದ ಎರಡನೇ ದಿನಾನೇ. ಅವ್ನು ನನ್ ಗಂಡ ಅಲ್ಲ, ಅಣ್ಣ ಅಲ್ಲ. ನಾನು ನಿಂತಿದ್ದು ನೋಡಿದ, ಅಷ್ಟೇ."

ಬಹ್ಗತ್ ಮಗಳಿಗೆ ಫೋನು ಹಚ್ಚಿದ. ಮನೆಯಲ್ಲಿ ತನ್ನ ಮಾತು ನಡೆಯದಾಗ ಅವನು ಮಾಡುವುದೇ ಅದು. ನಿಹಾಲಳ ದನಿ ಅಡುಗೆಮನೆ ತುಂಬ ಕೇಳಿಸಿತು.

"ಅಮ್ಮ, ಹೋಗ್ಲಿ ಬಿಡು. ಹೊಸ ಅಡುಗೆಮನೆ ಬಂದ ದಿನ ಅಪ್ಪನ ಜತೆ ಯಾಕೆ?"

"ನಿನ್ನತ್ತೆ ಮನೆ ಕಟ್ಟೆ ನಿಂಗೆ ಎಲ್ಲಿಗೆ ಬರತ್ತೆ?"

"ಸೊಂಟಕ್ಕೆ."

"ನಂಗೆ ಎದೆಗೆ ಬರತ್ತೆ. ಫೋನಿಡು."

ನಾಳೆ ಬೆಳಿಗ್ಗೆ ಕಲ್ಲಿನವರು ಬರುವವರಿದ್ದರು. ಪೆಟ್ಟಿಗೆಗಳ ಮೇಲೆ ಅಮೃತಶಿಲೆಯ ಹಾಸು ಕೂತು, ಸಿಮೆಂಟು ಒಣಗಿತೆಂದರೆ ಮುಗಿಯಿತು, ಅವಳು ಸಾಯುವ ತನಕ ಅದೇ ಎತ್ತರ. ಇನ್ನೊಂದು ಸಲ ಕಟ್ಟಿಸಲು ಇನ್ನೊಂದು ನಿವೃತ್ತಿ ಬರುವುದಿಲ್ಲ. ಆಗುವುದಿದ್ದರೆ ಇವತ್ತೇ ಆಗಬೇಕು.

"ಉಸ್ತಾ, ಈ ಪೆಟ್ಟಿಗೆಗಳ ಕಾಲು ಎಷ್ಟುದ್ದ?"

ಫಿಕ್ರಿ ಬಗ್ಗಿ ಟೇಪ್ ಹಿಡಿದ. "ಹನ್ನೆರಡು."

"ಕತ್ತರಿಸು."

"ಕತ್ತರಿಸ್ಬೋದು, ಪೆಟ್ಟಿಗೆ ನೆಲಕ್ಕೇ ಕೂರತ್ತೆ. ಆದ್ರೆ ಮಷೀನು ಒಳಗೆ ಹೋಗಲ್ಲ."

"ಆ ಜಾಗದಲ್ಲಿ ಅಕ್ಕಿ ಮೂಟೆ ಇಡ್ತೀನಿ. ಮಷೀನು ಬಾಲ್ಕನಿಗೆ ಹೋಗ್ಲಿ. ಅಲ್ಲಿ ನಲ್ಲೀನೂ ಇದೆ, ನೀರು ಹೋಗೋಕೆ ತೂತೂ ಇದೆ."

"ಬಾಲ್ಕನೀಲಿ ನಾನು ಕೂರ್ತೀನಲ್ಲ," ಅಂದ ಬಹ್ಗತ್.

"ನೀನು ಮನುಷ್ಯ, ಹೊಂದ್ಕೋತೀಯ."

ಬಹ್ಗತ್ ಲೋಟವನ್ನು ಪೆಟ್ಟಿಗೆಯ ಮೇಲೆ ಕುಕ್ಕಿದ. "ಫಿಕ್ರಿ, ಗರಗಸ ಮುಟ್ಟಿದ್ರೆ ನೋಡು. ಈ ಮನೇಲಿ ಗಂಡಸು ಅಂತ ನಾನೊಬ್ಬ ಇನ್ನೂ ಬದುಕಿದ್ದೀನಿ."

ಫಿಕ್ರಿ ಅವನ ಮುಖ ನೋಡಿದ, ಇವಳ ಮುಖ ನೋಡಿದ, ತನ್ನ ಚಪ್ಪಲಿ ನೋಡಿಕೊಂಡ. ಇನ್ಶಿರಾಹ್ ಗಂಡನ ಲೋಟವನ್ನು ಎತ್ತಿ, ಇನ್ನೂ ಕೂರಿಸದೆ ನೆಲದಲ್ಲಿದ್ದ ತೊಟ್ಟಿಯಲ್ಲಿಟ್ಟು, ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಾನೇ ಮಗುಚಲು ಹೋದಳು. ಅರ್ಧಕ್ಕೆ ಎತ್ತುವಾಗ ಬಲಭುಜದಲ್ಲಿ ಏನೋ ಕಳಕ್ಕೆಂದಿತು. ಬಾಯಿಂದ ಬಂದ ಸದ್ದು ಅವಳಿಗೇ ಗುರುತು ಸಿಗಲಿಲ್ಲ. ಆದರೂ ಕೈ ಬಿಡಲಿಲ್ಲ.

"ಬಿಡಿ ತಾಯಿ, ಬಿಡಿ. ದೇವ್ರಾಣೆ ನಾನ್ ಮಾಡ್ತೀನಿ," ಎನ್ನುತ್ತ ಫಿಕ್ರಿ ಓಡಿ ಬಂದು ಪೆಟ್ಟಿಗೆ ಹಿಡಿದುಕೊಂಡ. "ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ತಪ್ಪು ನಂದೂ ಇದೆ."

ಬಹ್ಗತ್ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಫಿಕ್ರಿ ಪೆಟ್ಟಿಗೆಗಳನ್ನು ಒಂದೊಂದಾಗಿ ಮಗುಚಿ ಹದಿನಾರು ಕಾಲುಗಳನ್ನೂ ಕತ್ತರಿಸಿದ. ಗರಗಸದ ಕಿರುಚಾಟಕ್ಕೆ ಇಡೀ ಮೆಟ್ಟಿಲಸಾಲು ಹಲ್ಲು ಕಚ್ಚಿಕೊಂಡಿತು. ಬೆಳಿಗ್ಗೆ ಉಲಿ ಹಾಕಿದ್ದ ತಹಿಯ್ಯಾ ಈಗ ಬಾಗಿಲು ಹಾಕಿಕೊಂಡು ಒಳಗಿನಿಂದಲೇ ಕಿವಿಗೊಟ್ಟಿದ್ದಳು. ಅಂಚುಗಳನ್ನು ಅರದಿಂದ ಉಜ್ಜಿ, ಪೆಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸಿ, ಮೇಲೊಂದು ಹಲಗೆ ಹಾಕಿ ಫಿಕ್ರಿ ಬೆವರು ಒರೆಸಿಕೊಂಡಾಗ ಇನ್ಶಿರಾಹ್ ಫೋನಿನಲ್ಲಿ ಗಂಟೆ ನೋಡಿದಳು. ನಲವತ್ತು ನಿಮಿಷ ಆಗಿತ್ತು.

ಅವಳು ಚಾಕು ತಂದು ಒಂದು ಈರುಳ್ಳಿ ಹೆಚ್ಚಿದಳು. ಮೊಣಕೈ ಮೈಗೆ ಅಂಟಿಕೊಂಡೇ ಇತ್ತು, ಭುಜ ಭುಜದ ಜಾಗದಲ್ಲೇ ಇತ್ತು. ಹೆಚ್ಚುವುದೆಂದರೆ ಇಷ್ಟೇ ಅಂತ, ಬೇರೆ ಹೆಂಗಸರೆಲ್ಲ ಹೀಗೇ ಹೆಚ್ಚುತ್ತಿದ್ದರು ಅಂತ, ಐವತ್ತೆಂಟನೇ ವಯಸ್ಸಿಗೆ ಗೊತ್ತಾಯಿತು. ಸಂತೋಷ ಬರಬೇಕಿತ್ತು. ಬಂದದ್ದು ಕೋಪ, ಬೆಳಗಿನದು ಏನೇನೂ ಅಲ್ಲ ಅನ್ನುವಷ್ಟು ದೊಡ್ಡದು.

ಸದ್ದು ನಿಂತದ್ದು ನೋಡಿ ಬಹ್ಗತ್ ಬಾಗಿಲಲ್ಲಿ ಬಂದು ನಿಂತ. "ಆಯ್ತಲ್ಲ, ನಿನ್ನ ಮಾತೇ ನಡೀತು. ಇನ್ನಾದ್ರೂ ಮುಖ ಸಡಿಲ ಮಾಡು."

ಅವಳು ಅವನ ಕಡೆ ತಿರುಗಲಿಲ್ಲ. "ಉಸ್ತಾ, ಆ ಹಳೇ ಕಟ್ಟೆ ಇತ್ತಲ್ಲ, ಅದನ್ನ ತಗ್ಗಿಸೋಕೆ ಎಷ್ಟು ಹೊತ್ತು ಹಿಡೀತಿತ್ತು?"

ಫಿಕ್ರಿಗೆ ಎಲ್ಲಿ ಬಾಯಿ ಮುಚ್ಚಿಕೊಳ್ಳಬೇಕೆಂದು ಯಾವತ್ತೂ ತಿಳಿದದ್ದಿಲ್ಲ. "ಅದಾ? ಇಟ್ಟಿಗೇದು ತಾನೆ. ಕಲ್ಲು ಎತ್ತಿ, ಎರಡು ವರಸೆ ಇಟ್ಟಿಗೆ ತೆಗೆದು, ಮತ್ತೆ ಕೂರಿಸೋದು. ಅರ್ಧ ದಿನದ ಕೆಲ್ಸ. ಯಾವತ್ತು ಬೇಕಾದ್ರೂ ಮಾಡ್ಬೋದಿತ್ತು."

"ಅರ್ಧ ದಿನ," ಅಂದಳು ಇನ್ಶಿರಾಹ್. ಈಗ ತಿರುಗಿದಳು. "ಕೇಳಿಸ್ತಾ? ಮೂವತ್ನಾಲ್ಕು ವರ್ಷದಲ್ಲಿ ಅರ್ಧ ದಿನ."

"ನೀನು ಕೇಳ್ಲೇ ಇಲ್ವಲ್ಲ," ಅಂದ ಬಹ್ಗತ್.

"ಕೇಳಿದ್ದೆ. ನಿಹಾಲ್ ಹೊಟ್ಟೇಲಿದ್ದಾಗ, ಇದೇ ಜಾಗದಲ್ಲಿ ನಿಂತು ಕೇಳಿದ್ದೆ. ಭುಜ ಎಳೆಯತ್ತೆ, ಎರಡು ವರಸೆ ತೆಗ್ಸು ಅಂದಿದ್ದೆ. ನೀನೇನಂದೆ?"

ಬಹ್ಗತ್ ಯೋಚಿಸಿದ. ನಿಜವಾಗಿಯೂ ಯೋಚಿಸಿದ, ನಾಟಕವಲ್ಲ. ಅವನಿಗೆ ನೆನಪಿರಲಿಲ್ಲ. ಅಭ್ಯಾಸವಾಗುತ್ತೆ ಬಿಡು ಎಂದು ಅಂದು ನಗುತ್ತ ಹೋಗಿದ್ದವನಿಗೆ ಆ ಮಾತು ಅಲ್ಲೇ ಮುಗಿದಿತ್ತು. ಇವಳು ಅದನ್ನು ದಿನಕ್ಕೆ ಮೂರು ಹೊತ್ತು ಕಟ್ಟೆಯ ಮುಂದೆ ನಿಂತು ಕೇಳಿಸಿಕೊಂಡಿದ್ದಳು.

"ಏನಂದಿದ್ದೆ?" ಅಂತ ಅವನು ಮೆಲ್ಲಗೆ ಕೇಳಿದ.

ಅವಳು ಇನ್ನೊಂದು ಈರುಳ್ಳಿ ತೆಗೆದುಕೊಂಡು ಸಿಪ್ಪೆ ಸುಲಿಯತೊಡಗಿದಳು.

"ಹೋಗು, ಕುರ್ಚಿ ಎತ್ತು," ಅಂದಳು. "ಮಷೀನ್ ಇಡೋಕೆ ಉಸ್ತಾ ಕಾಯ್ತಿದ್ದಾನೆ."