ಟರ್ಫೋಸಾ ಬಿತ್ತಿದ ಜೋಳ

ಮಾರ್ಚ್ ತಿಂಗಳ ಮಳೆ ಶುರುವಾಗಿ ಒಂಬತ್ತು ದಿನವಾಗಿತ್ತು. ಮಧ್ಯಾಹ್ನಕ್ಕೆ ಸರಿಯಾಗಿ ಸರೋವರದ ಕಡೆಯಿಂದ ಮೋಡ ಏರಿ ಬಂದು, ನೆಲ ಕುಡಿದಷ್ಟು ಸುರಿದು ಹೋಗುತ್ತಿತ್ತು. ಸುತ್ತಮುತ್ತಲಿನವರೆಲ್ಲ ಬಿತ್ತನೆ ಮುಗಿಸಿ ಕೈ ತೊಳೆದುಕೊಂಡಿದ್ದರು. ಯುನಿಯಾ ಮುದುಕಿಯ ಹಟ್ಟಿಯಲ್ಲಿ ಮಾತ್ರ ಗುದ್ದಲಿಗಳು ಗೋಡೆಗೆ ಒರಗಿಕೊಂಡೇ ಇದ್ದವು.

ಬೀಜವಿಲ್ಲದೆ ಅಲ್ಲ. ಕಿರಿಯ ಸೊಸೆ ಲೊವಿನಾ ಬೂದಿ ಬೆರೆಸಿಟ್ಟ ಬೀಜದ ಮುಸುಕಿನ ಜೋಳವನ್ನು ದಿನಾ ಬೆಳಿಗ್ಗೆ ಮಡಕೆಯಿಂದ ತೆಗೆದು, ಹುಳು ಬಿದ್ದಿಲ್ಲವೆಂದು ನೋಡಿ, ಮತ್ತೆ ಮುಚ್ಚಿಡುವಳು. ಆಮೇಲೆ ಅಂಗಳ ದಾಟಿ ವಾರಗಿತ್ತಿ ಟರ್ಫೋಸಾಳ ಬಾಗಿಲಿಗೆ ಬಂದು, "ಅಕ್ಕಾ, ಎದ್ದಿಲ್ವಾ? ಗಂಜಿ ತಂದಿದೀನಿ" ಎನ್ನುವಳು. ಅವಳ ಸೆರಗು ಹಿಡಿದು ಬಂದ ಮೂರು ವರ್ಷದ ಕಿರಿಮಗಳು ಅವೂರ್ ದೊಡ್ಡಮ್ಮನ ಮಡಿಲಿಗೆ ಹತ್ತಿ ಕೂರುವಳು. ಲೊವಿನಾ ಬೀಜದ ಮಾತು ಎತ್ತುತ್ತಿರಲಿಲ್ಲ. ಎತ್ತದೆ ಇದ್ದುದೇ ಟರ್ಫೋಸಾಳನ್ನು ಹೆಚ್ಚು ಚುಚ್ಚುತ್ತಿತ್ತು.

ನಮ್ಮ ಕಡೆ ಬಿತ್ತನೆಗೆ ಸರದಿಯಿದೆ. ಮೊದಲು ಅತ್ತೆ, ಆಮೇಲೆ ಹಿರಿಮಗನ ಮನೆ, ಆಮೇಲೆ ಕಿರಿಯರು. ಯುನಿಯಾ ತನ್ನ ಗುಡಿಸಲ ಹಿಂದೆ ಒಂದು ಹಿಡಿ ಕಾಳು ಹಾಕಿ ತನ್ನ ಸರದಿ ತೀರಿಸಿದ್ದಳು. ಮುಂದಿನದು ಹಿರಿಮಗ ಒಡೆರೋನ ಮನೆ. ಒಡೆರೋ ಹಿಂದಿನ ವರ್ಷ ತೀರಿಕೊಂಡಿದ್ದ. ಅವನ ವಿಧವೆ ಟರ್ಫೋಸಾ ಬಿತ್ತಬೇಕಾದರೆ ಗಂಡನ ಕಡೆಯ ಗಂಡಸೊಬ್ಬ ಅವಳನ್ನು ಕೂಡಿಕೆ ಮಾಡಿಕೊಳ್ಳಬೇಕು, ಅವಳ ಗುಡಿಸಲಲ್ಲಿ ಅವಳ ಜೊತೆ ಮಲಗಿ ಸಾವಿನ ಸೂತಕ ಕಳೆಯಬೇಕು. ಅಲ್ಲಿಯವರೆಗೆ ಅವಳೂ ಬಿತ್ತುವಂತಿಲ್ಲ, ಅವಳಿಗಿಂತ ಕಿರಿಯರೂ ಬಿತ್ತುವಂತಿಲ್ಲ. ಕಟ್ಟಳೆ ಮೀರಿದರೆ ಚಿರಾ ಹಿಡಿಯುತ್ತದೆ. ಚಿರಾ ಹಿಡಿದವರು ಒಳಗಿಂದೊಳಗೇ ಒಣಗಿ, ಮೂಳೆ ಚಕ್ಕಳವಾಗಿ ಸಾಯುತ್ತಾರೆ. ಇದನ್ನು ನಂಬದವರು ಊರಲ್ಲೇ ಇರಲಿಲ್ಲ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರೂ ನಂಬುತ್ತಿದ್ದರು.

ಕೂಡಿಕೆಗೆ ಹಿರಿಯರು ಗೊತ್ತುಮಾಡಿದ್ದು ಒಬುಂಗಾನನ್ನು, ಅಂದರೆ ಲೊವಿನಾಳ ಗಂಡನನ್ನೇ.

ಹತ್ತನೆಯ ದಿನ ಎಸ್ರೋನ್ ದೊಡ್ಡಪ್ಪ ಬಂದ. ಕುಲಕ್ಕೂ ಅವನೇ ಹಿರಿಯ, ಚರ್ಚಿಗೂ ಅವನೇ ಹಿರಿಯ. ಅಂಗಳದ ಕುರ್ಚಿಯಲ್ಲಿ ಕೂತು, ಟೋಪಿ ಮೊಣಕಾಲ ಮೇಲಿಟ್ಟುಕೊಂಡು ಕೇಳಿದ.

"ಏನವ್ವ, ನಿನ್ನ ಹಠ ಇನ್ನೂ ಇಳೀಲಿಲ್ವಾ?"

"ಬೇಡ ದೊಡ್ಡಪ್ಪ. ನಾನು ಚರ್ಚಿನವಳು. ನನಗೆ ಈ ಕೂಡಿಕೆ ಬೇಡ," ಎಂದಳು ಟರ್ಫೋಸಾ.

"ಮತ್ತೆ ನಾನೇನು ಮರಕ್ಕೆ ಅಡ್ಡ ಬೀಳೋನಾ? ನಾನೂ ಚರ್ಚಿನವನೇ ಕಣಮ್ಮ. ಭಾನುವಾರ ದೇವರದು, ಮಿಕ್ಕ ಆರು ದಿನ ಮನೆತನದ್ದು. ಎರಡನ್ನೂ ಕಲಸಬೇಡ."

ಯುನಿಯಾ ಜಗುಲಿಯಿಂದಲೇ ಬಾಯಿ ಹಾಕಿದಳು. "ಅವಳಿಗೆ ಯೇಸುನೇ ಸಾಕಂತೆ. ಹಾಗಾದ್ರೆ ಅವನೇ ಬಂದು ಗುದ್ದಲಿ ಹಿಡೀಲಿ, ನಾನೂ ಕಣ್ಣಾರೆ ನೋಡ್ತೀನಿ!"

ದೊಡ್ಡಪ್ಪನ ಜೊತೆ ಬಂದು ಕೂತಿದ್ದವರು ನಕ್ಕರು. ಮುದುಕಿ ನಗಲಿಲ್ಲ. "ನನ್ನ ಹಿರಿಮಗನ್ನ ಚಿರಾ ತಿಂತು. ಇವಳೇ ಏನೋ ಕಟ್ಟಳೆ ಮೀರಿರಬೇಕು. ಈಗ ಉಳಿದ ಒಬ್ಬನನ್ನೂ ತಿನ್ನಿಸ್ತಾಳೆ, ಉಯೋಮದ ತವರಿಂದ ಬಂದ ಮಾರಿ!"

ಟರ್ಫೋಸಾಳಿಗೆ ಗೊತ್ತಿದ್ದುದು ಆ ಅಂಗಳದಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಜನವರಿಯಲ್ಲಿ ಚರ್ಚಿನ ಹೆಂಗಸರ ಸಂಘದ ರಿಸ್ಪ ಅವಳನ್ನು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ದಳು. ಒಡೆರೋನನ್ನು ತಿಂದದ್ದು ಚಿರಾ ಅಲ್ಲ, ಏಡ್ಸ್. ಅದು ಅವಳ ರಕ್ತದಲ್ಲೂ ಇತ್ತು. ಅದಕ್ಕೆ ಔಷಧಿ ಎಂಬುದು ಆಗ ನಮ್ಮ ಕಡೆಗೆ ಬಂದೇ ಇರಲಿಲ್ಲ.

ರೋಗ ಎಲ್ಲಿಂದ ಬಂತೆಂದು ಲೆಕ್ಕ ಹಾಕಲು ಅವಳು ಓದಿರಬೇಕಾಗಿರಲಿಲ್ಲ. ಆರು ವರ್ಷದ ಕೆಳಗೆ ಇದೇ ಎಸ್ರೋನ್ ಇದೇ ಕುರ್ಚಿಯಲ್ಲಿ ಕೂತು, ಸತ್ತ ದಾಯಾದಿಯೊಬ್ಬನ ವಿಧವೆಯ ಸೂತಕ ಕಳೆಯಲು ಒಡೆರೋನನ್ನು ಕಳಿಸಿದ್ದ. ಮೊದಲು ಆ ವಿಧವೆ ಒಣಗಿ ಸತ್ತಳು, ಆಮೇಲೆ ಒಡೆರೋ. ಕಟ್ಟಳೆ ಮೀರಿದವರನ್ನು ಕೊಲ್ಲುತ್ತದೆ ಎಂದು ಇವರು ಹೆದರುತ್ತಿದ್ದ ಸಾವು ಕಟ್ಟಳೆಯ ಕೈ ಹಿಡಿದುಕೊಂಡೇ ಗುಡಿಸಲಿಂದ ಗುಡಿಸಲಿಗೆ ನಡೆಯುತ್ತಿತ್ತು. ಈಗ ಅದಕ್ಕೆ ಒಬುಂಗಾ ಬೇಕಾಗಿತ್ತು, ಅವನ ಹಿಂದೆ ಲೊವಿನಾ.

ಬಾಯಿ ಬಿಟ್ಟು ಹೇಳಿದರೆ ಹಟ್ಟಿಯಿಂದ ಆಚೆ ಹಾಕುತ್ತಾರೆ. ತವರಲ್ಲಿ ಯಾರೂ ಉಳಿದಿಲ್ಲ. ಹೆತ್ತ ಎರಡು ಕೂಸುಗಳೂ ಮಣ್ಣಾಗಿವೆ. ಇರುವುದು ಅವೂರ್ ಒಬ್ಬಳು, ಅವಳನ್ನೂ ಮುಟ್ಟಗೊಡುವುದಿಲ್ಲ. ಆದ್ದರಿಂದ ಚರ್ಚಿನ ನೆಪವನ್ನೇ ಮುಂದೆ ಮಾಡಿಕೊಂಡು ಬೈಗುಳ ತಿನ್ನುತ್ತಿದ್ದಳು.

ಏಪ್ರಿಲ್ ಬಂತು. ನೆರೆಹೊಲಗಳಲ್ಲಿ ಜೋಳ ಗೇಣುದ್ದ ಎದ್ದಿತು. ಲೊವಿನಾಳ ಮನೆಯಲ್ಲಿ ಮುದ್ದೆ ದಿನಕ್ಕೆ ಒಂದೇ ಹೊತ್ತಾಯಿತು, ಅದೂ ಅಂಗೈಯಗಲ. ಒಂದು ಸಂಜೆ ಅವಳು ಬರಿಗೈಯಲ್ಲಿ ಬಂದು ಟರ್ಫೋಸಾಳ ಕಾಲ ಬಳಿ ಕುಸಿದಳು.

"ಅಕ್ಕಾ, ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಇನ್ನು ಆಗಲ್ಲ. ನನ್ನ ಗಂಡನ್ನ ನಾನೇ ಕಳಿಸ್ತೀನಿ. ನನಗೆ ಹೊಟ್ಟೆಕಿಚ್ಚಿಲ್ಲ, ದೇವರಾಣೆ. ಅವರಿಗೂ ಆಸೆ ಏನಿಲ್ಲ, ಹಿರಿಯರ ಮಾತು ಅಂತ ಅಷ್ಟೆ. ಒಂದೇ ಒಂದು ಸಲ ಹೂಂ ಅನ್ನು. ಮೂರು ಮಕ್ಕಳ ಹೊಟ್ಟೆ ನೋಡು."

"ಲೊವಿನಾ..."

"ನಿನ್ನ ದೇವರು ಹಸಿದ ಮಕ್ಕಳನ್ನ ನೋಡ್ಕೊಂಡು ಸುಮ್ನಿರು ಅಂತ ಹೇಳಿದಾನಾ?"

ಹೂಂ ಎನ್ನುವುದು ಟರ್ಫೋಸಾಳ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. "ನಾಡಿದ್ದು ಹೇಳ್ತೀನಿ" ಎಂದಷ್ಟೇ ಹೇಳಿ ಕಳಿಸಿದಳು.

ಮರುದಿನ ರಿಸ್ಪಳ ಮನೆಗೆ ಹೋದಳು. ರಿಸ್ಪ ಅಂಗಳದಲ್ಲಿ ಸಣ್ಣ ಮೀನು ಒಣಹಾಕುತ್ತಿದ್ದಳು. ಅವಳೂ ವಿಧವೆ. ಟರ್ಫೋಸಾ ಹೇಳಿದ್ದನ್ನೆಲ್ಲ ಕೇಳಿ, ಕೈ ಒರೆಸಿಕೊಂಡು, ಅವಳ ಪಕ್ಕ ನೆಲದ ಮೇಲೆ ಮೊಣಕಾಲೂರಿದಳು. ಇಬ್ಬರೂ ಬಹಳ ಹೊತ್ತು ಪ್ರಾರ್ಥಿಸಿದರು. ಟರ್ಫೋಸಾ ಒಡೆರೋ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

"ದೇವರು ನನ್ನನ್ನ ಉಳಿಸ್ತಾನಾ ರಿಸ್ಪಕ್ಕ?"

"ಸುಳ್ಳು ಯಾಕೆ ಹೇಳಲಿ? ಉಳಿಸ್ತಾನೋ ಇಲ್ವೋ ನನಗೆ ಗೊತ್ತಿಲ್ಲ. ಕೈ ಬಿಡಲ್ಲ, ಅದು ಗೊತ್ತು. ನನ್ನ ಕೆಟ್ಟ ದಿನಗಳಲ್ಲಿ ಅವನು ಬಿಟ್ಟಿಲ್ಲ."

"ಹೇಳಿದ್ರೆ ಎಲ್ರೂ ಬಿಡ್ತಾರೆ."

"ಹೇಳದೆ ಇದ್ರೆ ಲೊವಿನಾ ಸಾಯ್ತಾಳೆ. ಅವನು ಶಿಲುಬೆ ಹೊತ್ತಾಗ ಎಷ್ಟು ಜನ ಜೊತೆಗಿದ್ರು, ಯೋಚನೆ ಮಾಡು."

ಟರ್ಫೋಸಾ ಕಣ್ಣೊರೆಸಿಕೊಂಡು ಎದ್ದಳು. ಭಯ ಹೋಗಿರಲಿಲ್ಲ, ಆದರೆ ಏನು ಮಾಡಬೇಕೆಂಬುದು ಸ್ಪಷ್ಟವಾಗಿತ್ತು.

ಮಾರನೆಯ ಬೆಳಿಗ್ಗೆ ಲೊವಿನಾಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ರಕ್ತದ ವಿಷಯ, ಒಡೆರೋನ ವಿಷಯ, ಮುಂದೆ ಯಾರ ಸರದಿ ಎಂಬುದು. ಲೊವಿನಾ ತಟ್ಟನೆ ಕೈ ಚಾಚಿ ಟರ್ಫೋಸಾಳ ಮಡಿಲಿಂದ ಅವೂರ್‌ಳನ್ನು ಎಳೆದುಕೊಂಡು, ಹೊರಟುಹೋದಳು. ಮಗು ದೊಡ್ಡಮ್ಮನ ಕಡೆ ಕೈ ಚಾಚಿ ಅಳುತ್ತಿತ್ತು.

ಇದೇ ಎಲ್ಲಕ್ಕಿಂತ ಕಷ್ಟದ ಗಳಿಗೆ. ಬಡವಿಯಿಂದ ಉಳಿದ ಒಂದನ್ನೂ ಕಿತ್ತುಕೊಂಡಂತಾಯಿತು. ಆದರೂ ಟರ್ಫೋಸಾ ಗುದ್ದಲಿ ತೆಗೆದುಕೊಂಡು, ಹಾಡುಹಗಲಲ್ಲಿ, ಎಲ್ಲರ ಕಣ್ಣೆದುರಿಗೆ ಹೊಲಕ್ಕೆ ನಡೆದಳು.

"ಬೇಡ್ವೇ! ಸಾಯ್ತೀಯ ಕಣೇ!" ಯುನಿಯಾ ಎದೆ ಬಡಿದುಕೊಂಡಳು. ಆ ಕೂಗಿನಲ್ಲಿ ಸಿಟ್ಟಿತ್ತು, ನಿಜವಾದ ಹೆದರಿಕೆಯೂ ಇತ್ತು.

"ಸಾಯ್ತೀನಿ ಅತ್ತೆ, ನನಗೆ ಗೊತ್ತು," ಎಂದಳು ಟರ್ಫೋಸಾ. ಮೊದಲ ಗುಳಿಗೆ ಕಾಳು ಹಾಕಿ, ಬೇಲಿಯಾಚೆಗೂ ಕೇಳುವಂತೆ ಪ್ರಾರ್ಥಿಸಿದಳು: "ತಂದೆಯೇ, ನಾನು ಉಣ್ಣದಿದ್ದರೂ ಇವರು ಉಣ್ಣಲಿ."

ಎರಡು ದಿನ ಕಳೆದ ಮೇಲೆ ಲೊವಿನಾ ತನ್ನ ಬೀಜದ ಮಡಕೆ ಹೊತ್ತು ಹೊಲಕ್ಕಿಳಿದಳು. ಯುನಿಯಾ ತಡೆಯಲು ಬಂದಾಗ, "ಹಿರಿಮನೆ ಬಿತ್ತಾಯ್ತು ಅತ್ತೆ. ಈಗ ನನ್ನ ಸರದಿ," ಎಂದಳು. ಆ ಸಂಜೆ ಅವೂರ್‌ಳನ್ನು ಎತ್ತಿ ತಂದು ಟರ್ಫೋಸಾಳ ಮಡಿಲಲ್ಲಿ ಕೂರಿಸಿದಳು. "ರಿಸ್ಪಕ್ಕನ್ನ ಕೇಳಿದೆ. ಎತ್ಕೊಂಡ್ರೆ ಆ ರೋಗ ಬರಲ್ವಂತೆ," ಎಂದು ಹೇಳಿ ಬಿಕ್ಕಿಬಿಕ್ಕಿ ಅತ್ತಳು.

ಮೇ ತಿಂಗಳಲ್ಲಿ ಟರ್ಫೋಸಾ ಹಾಸಿಗೆ ಹಿಡಿದಳು. ಕಟ್ಟಳೆ ಮೀರಿದವಳ ಬಾಗಿಲು ತುಳಿದರೆ ತಮಗೂ ಅಂಟೀತೆಂದು ಕುಲದವರು ಯಾರೂ ಸುಳಿಯಲಿಲ್ಲ. ಲೊವಿನಾ ಗಂಜಿ ಕುಡಿಸುತ್ತಿದ್ದಳು, ರಿಸ್ಪ ಮೈ ಒರೆಸುತ್ತಿದ್ದಳು. ಗುರುವಾರಗಳಂದು ಸಂಘದ ಹೆಂಗಸರು ಬಂದು ಹಾಸಿಗೆಯ ಸುತ್ತ ಕೂತು ಕೀರ್ತನೆ ಹಾಡುವರು. ಅವಳು ತುಟಿ ಅಲ್ಲಾಡಿಸುವಳು. ಜೂನ್ ಕೊನೆಯಲ್ಲಿ, ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ, ಹಾಡು ಮುಗಿಯುವ ಮೊದಲೇ ತೀರಿಕೊಂಡಳು.

ಅವಳನ್ನು ಒಡೆರೋನ ಪಕ್ಕದಲ್ಲಿ ಹೂಳಿದರು. ಸತ್ತವರ ಮನೆಯಲ್ಲಿ ಹಚ್ಚಿಡುವ ಸಾವಿನ ಬೆಂಕಿ ಅಂಗಳದಲ್ಲಿ ಉರಿಯುತ್ತಿತ್ತು. ಸುತ್ತ ಕೂತ ಜನರೆದುರು ಎಸ್ರೋನ್ ಎದ್ದು ನಿಂತ.

"ನೋಡಿದ್ರಾ? ನಾನು ಹೇಳ್ಲಿಲ್ವಾ? ಮೂರೇ ತಿಂಗಳು! ಆ ಹೊಲದ ಜೋಳ ಯಾರೂ ಮುಟ್ಟಬಾರದು. ಚಿರಾ ಅದರಲ್ಲೇ ಇದೆ."

ಲೊವಿನಾ ಎದ್ದು ಹೋದಳು. ಟರ್ಫೋಸಾಳ ಹೊಲದಿಂದ ನಾಲ್ಕು ಎಳೆ ತೆನೆ ಮುರಿದು ತಂದು, ಸಿಪ್ಪೆ ಸುಲಿದು, ಸಾವಿನ ಬೆಂಕಿಯಲ್ಲೇ ಸುಡಲಿಟ್ಟಳು. ಯಾರೋ "ಹಾ!" ಎಂದರು. ಒಬುಂಗಾ ಅರ್ಧ ಎದ್ದು, ಮತ್ತೆ ಕೂತ.

"ದೊಡ್ಡಪ್ಪ, ಬಿತ್ತಿದ್ದಕ್ಕೆ ಅವಳು ಸಾಯ್ಲಿಲ್ಲ," ಎಂದಳು ಲೊವಿನಾ. "ನೀವು ಭಾವನ್ನ ಆ ವಿಧವೆ ಗುಡಿಸಲಿಗೆ ಕಳಿಸಿದ್ರಿ. ಅವಳು ಸತ್ತಳು, ಭಾವ ಸತ್ತರು, ಈಗ ಅಕ್ಕ. ಎಲ್ರಿಗೂ ಒಂದೇ ರೋಗ, ಆಸ್ಪತ್ರೆಯವರು ಹೇಳಿದಾರೆ. ನಾಲ್ಕನೆಯವರು ನನ್ನ ಗಂಡ ಆಗ್ತಿದ್ರು, ಐದನೆಯವಳು ನಾನು. ಅಕ್ಕ ಬಾಗಿಲು ಹಾಕಿ ಸಾವನ್ನ ತನ್ನ ಹತ್ರಾನೇ ಇಟ್ಕೊಂಡ್ಳು. ಗಂಡನ್ನ ಕಳಿಸ್ತೀನಿ ಅಂತ ಕಾಲು ಹಿಡಿದಿದ್ದು ನಾನೇ!"

ಲೊವಿನಾ ತೆನೆ ಕೈಗೆತ್ತಿಕೊಂಡು ಕಣ್ಣು ಮುಚ್ಚಿದಳು. "ತಂದೆಯೇ, ಅವಳು ಉಣ್ಣಲಿಲ್ಲ. ನಾವು ಉಣ್ತಾ ಇದೀವಿ." ಮೊದಲು ತಾನು ಕಚ್ಚಿದಳು, ಆಮೇಲೆ ಅವೂರ್‌ಗೆ ಕೊಟ್ಟಳು. ಮಗು ಎರಡೂ ಕೈಯಲ್ಲಿ ಹಿಡಿದು ತಿನ್ನತೊಡಗಿತು. ಎಸ್ರೋನ್ ಟೋಪಿ ಹಾಕಿಕೊಂಡು ಹೊರಟ. ಅವನ ಹಿಂದೆ ಕೆಲವರು ಎದ್ದರು, ಕೆಲವರು ಏಳಲಿಲ್ಲ.

ಯುನಿಯಾ ಕೂತಲ್ಲಿಂದ ಕದಲದೆ ಬೆಂಕಿಯನ್ನೇ ನೋಡುತ್ತಿದ್ದಳು. ಆಮೇಲೆ ಸೊಸೆಯ ಕಡೆ ಕೈ ನೀಡಿದಳು.

"ಕಾಳು ಬಿಡಿಸಿ ಕೊಡೇ," ಎಂದಳು. "ನಂಗೆ ಹಲ್ಲಿಲ್ಲ."