ಬೀಗರ ಮನೆಯ ಹವಳ

"ಹೋಗ್ಬಿಡ್ತಮ್ಮಾ," ಎಂದರು ಮೇಷ್ಟ್ರು. "ನೀವು ಕೊಟ್ಟ ಹವಳ ಹೋದ ತಿಂಗಳೇ ಹೋಗ್ಬಿಡ್ತು. ನೀವು ಆಸ್ಪತ್ರೇಲಿ ಮಲಗಿದ್ರಿ, ಅಂಥ ಹೊತ್ತಲ್ಲಿ ಇದೊಂದು ಸುದ್ದಿ ಬೇರೆ ಯಾಕೆ ಅಂತ ಸುಮ್ಮನಿದ್ದೆ."

ಹಲ್ಲಿನಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬಿಚ್ಚಲು ಹೊರಟಿದ್ದ ಕರವಸ್ತ್ರದ ಗಂಟನ್ನು ಮತ್ತೆ ಬಿಗಿ ಮಾಡಿದಳು. ಅದರೊಳಗೆ ಗುಲಾಬಿ ಬಣ್ಣದ ಒಸಡಿನ ತುಂಡು, ಅದರ ಮೇಲೆ ಸಾಲಾಗಿ ನಾಲ್ಕು ಹಲ್ಲು. ನಿನ್ನೆಯಷ್ಟೇ ಲ್ಯಾಬಿನಲ್ಲಿ ಮಾಡಿ, ಉಜ್ಜಿ, ಮೂರು ಸಲ ನೀರು ಬದಲಾಯಿಸಿ ನೆನೆಸಿ ತಂದಿದ್ದಳು.

ಅವಳ ಕೆಲಸವೇ ಅದು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚು ನೋಡಿಕೊಂಡು ಕಟ್ಟುಹಲ್ಲಿನ ಸೆಟ್ಟು ಮಾಡುವುದು. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದಳು. ಆ ಬಡಾವಣೆಯಲ್ಲಿ ಅರವತ್ತು ದಾಟಿದ ಅರ್ಧ ಜನ ನಗುವುದು ಅವಳು ಕೊಟ್ಟ ನಗೆಯನ್ನೇ. ಮೇಷ್ಟ್ರ ಬಾಯಲ್ಲಿದ್ದ ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಎರಡೂ ಅವಳದೇ. ಮಾತಾಡುವಾಗ ಕೆಳಗಿನದು ಟಕ್ ಎನ್ನುತ್ತಿತ್ತು. ಸಡಿಲವಾಗಿದೆ, ಒಂದು ದಿನ ತರಿಸಿಕೊಂಡು ಸರಿ ಮಾಡಿಕೊಡಬೇಕು ಎಂದು ಆ ಸಂಕಟದಲ್ಲೂ ಅವಳಿಗೆ ಅನ್ನಿಸಿತು.

"ಒಂದು ಹೂವೂ ಉಳಿದಿಲ್ವಾ ಬೀಗರೇ? ಕಲ್ಲಿನ ಸಂದೀಲಿ ಎಲ್ಲಾದ್ರೂ?"

"ಇದ್ದಿದ್ರೆ ಇಲ್ಲ ಅಂತಿದ್ನಾ?" ಮೇಷ್ಟ್ರು ಒಳಕೋಣೆಯ ಕಡೆ ನೋಡಿದರು. ಮುಚ್ಚಿದ ಬಾಗಿಲಿನ ಕೆಳಗಿನ ಸಂದಿಯಲ್ಲಿ ನೀಲಿ ಬೆಳಕಿನ ಪಟ್ಟಿ ಕಾಣುತ್ತಿತ್ತು. "ಅಲ್ಲೇನಿಲ್ಲ, ಹಳೇ ಲೈಟೊಂದನ್ನ ರಿಪೇರಿಗೆ ಇಟ್ಕೊಂಡಿದ್ದೀನಿ."

ಅವಳು ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಯಾರೂ ಏನೂ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡಾಗಿತ್ತು. ಆದರೆ ನಂಬಿದವರ ಕಣ್ಣಿಗೆ ಇಂಥದ್ದೆಲ್ಲ ಎಲ್ಲಿ ಕಾಣಬೇಕು? ಬರ್ತೀನಿ ಎಂದು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಗೆ ಬಂದಳು.

ಬೀಗರು ಎಂದರೆ ನಿಜವಾದ ಬೀಗರಲ್ಲ. ಮೇಷ್ಟ್ರಿಗೂ ಮಕ್ಕಳಿಲ್ಲ, ಹಲ್ಲಿನಕ್ಕನಿಗೂ ಇಲ್ಲ. ಮನೆಯೊಳಗೆ ಸಮುದ್ರ ಸಾಕುವ ಹುಚ್ಚಿನವರು ಆ ಊರಲ್ಲಿ ಒಟ್ಟು ಆರು ಜನ ಇದ್ದರು. ತಿಂಗಳ ಮೊದಲ ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ, ಗಾಜಿನ ತೊಟ್ಟಿಯ ಮುಂದೆ ಕೂತು, ನೀರಿನ ಅಳತೆ, ಹವಳದ ಬಣ್ಣ ಅಂತ ಹರಟುತ್ತಿದ್ದರು. ಅವರಲ್ಲೊಂದು ಪದ್ಧತಿ. ಯಾರ ಮನೆಯ ಹವಳ ಚೆನ್ನಾಗಿ ಬೆಳೆಯಿತೋ ಅವರು ಅದರದೊಂದು ತುಂಡನ್ನು ಇನ್ನೊಬ್ಬರ ತೊಟ್ಟಿಗೆ ಕೊಡಲೇಬೇಕು. ಅದಕ್ಕೆ 'ಹೆಣ್ಣು ಕೊಡೋದು' ಎಂದು ಹೆಸರು, ಕೊಟ್ಟವರೂ ತಂದುಕೊಂಡವರೂ ಬೀಗರು. ತೊಟ್ಟಿಯ ಸಮುದ್ರ ಯಾವ ಗಳಿಗೆಯಲ್ಲಿ ಕೈಕೊಡುತ್ತದೋ ಹೇಳಲಾಗದು. ಪಂಪು ನಿಂತರೂ ಹೋಯಿತು, ಹೀಟರು ಹೆಚ್ಚು ಕಾದರೂ ಹೋಯಿತು. ಒಂದು ಮನೆಯಲ್ಲಿ ಎಲ್ಲ ಸತ್ತರೂ ಮಗಳು ಸೇರಿದ ಮನೆಯಿಂದ ಒಂದು ತುಂಡು ವಾಪಸು ಬರುತ್ತದೆ ಎಂಬ ಧೈರ್ಯ.

ಹಲ್ಲಿನಕ್ಕನ ಹವಳ ಅಂಗಡಿಯವನು ಬಕೆಟ್ಟಿಗೆ ಎಸೆದಿದ್ದ ಕಸ. ಅಂಗಿ ಗುಂಡಿಯಷ್ಟಗಲದ ಮೂರೇ ಮೂರು ಹೂವು, ಅವೂ ಮುದುಡಿ ಕಂದಿದ್ದವು. ಲ್ಯಾಬಿನಲ್ಲಿ ಸರಿಯಾಗದೆ ಉಳಿದ ಕಟ್ಟುಹಲ್ಲಿನ ತುಂಡಿನ ಮೇಲೆ ಅಂಟಿಸಿ ತೊಟ್ಟಿಯ ಮೂಲೆಯಲ್ಲಿಟ್ಟಳು. ಎಂಟು ತಿಂಗಳು ಅದು ಬದುಕಿತ್ತೋ ಸತ್ತಿತ್ತೋ ದೇವರಿಗೇ ಗೊತ್ತು. ಆಮೇಲೆ ಒಂದು ಬೆಳಗ್ಗೆ ಅರಳಿತು: ಕಡು ನೇರಳೆ, ಅಂಚಿಗೆ ಹಳದಿ, ನಡುವೆ ಹಸಿರು ಚುಕ್ಕೆ. ಅಂಥ ಬಣ್ಣ ಆರು ಜನರಲ್ಲಿ ಯಾರೂ ಕಂಡಿರಲಿಲ್ಲ. ನಾಲ್ಕು ವರ್ಷದಲ್ಲಿ ಅದು ನೂರು ಹೂವಾಯಿತು. ಎಲ್ಲರೂ ಅದನ್ನು 'ಹಲ್ಲಿನಕ್ಕನ ಹವಳ' ಎಂದೇ ಕರೆದರು. ಅವಳಿಗೆ ಇದ್ದ ಒಂದೇ ಜಂಬ ಅದು.

ಅದರ ಮಗಳನ್ನು, ಅಂಥದೇ ನಾಲ್ಕು ಹಲ್ಲಿನ ತುಂಡಿನ ಮೇಲೆ ಕೂರಿಸಿ, ಮೇಷ್ಟ್ರಿಗಲ್ಲದೆ ಇನ್ಯಾರಿಗೆ ಕೊಟ್ಟಾಳು? ಅವರು ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾದವರು. ಆರು ಜನಕ್ಕೂ ಅವರೇ ಗುರು. "ಆರು ವಾರ ಬರೀ ಕಲ್ಲು, ಬರೀ ನೀರು ನೋಡ್ತಾ ಕೂರೋ ತಾಳ್ಮೆ ಇದ್ರೆ ಮಾತ್ರ ಈ ಕಡೆ ಬನ್ನಿ," ಎಂದು ಅವಳಿಗೆ ಮೊದಲ ದಿನವೇ ಹೇಳಿದ್ದರು. ನೀರು ಪಳಗುವ ಮೊದಲು ಹವಳ ಇಳಿಸಿದರೆ ಸಾಯುತ್ತದೆ. ಅವಳು ಆರು ವಾರ ಕೂತಳು. ಗಂಡ ಲಿಫ್ಟ್ ಮೆಕ್ಯಾನಿಕ್ಕು, ತಮಾಷೆ ಮನುಷ್ಯ. "ಖಾಲಿ ನೀರನ್ನ ಹಿಂಗೆ ಕಣ್ಣು ಮಿಟುಕಿಸದೆ ನೋಡ್ತೀಯಲ್ಲೇ, ಮದುವೆಯಾದ ಹೊಸದ್ರಲ್ಲಿ ನನ್ನನ್ನೂ ಹಿಂಗೆ ನೋಡ್ಲಿಲ್ಲ ನೀನು," ಎಂದು ರೇಗಿಸಿದ್ದ.

ಈಗ ಅವನು ತಮಾಷೆ ಮಾಡುವುದನ್ನೇ ಬಿಟ್ಟಿದ್ದ. ಅವಳ ಪಿತ್ತಕೋಶದ ಆಪರೇಷನ್ ಮೂರು ದಿನದ್ದು ಅಂದದ್ದು ಸೋಂಕಾಗಿ ಹನ್ನೆರಡು ದಿನಕ್ಕೆ ಎಳೆಯಿತು. ಹೋಗುವಾಗ ಅವಳು, "ದಿನಾ ನೀರು ಇಳಿಯುತ್ತೆ, ಗೆರೆ ತನಕ ಕ್ಯಾನಿನ ನೀರು ಹಾಕಿ," ಎಂದಷ್ಟೇ ಹೇಳಿದ್ದಳು. ತೊಟ್ಟಿಯ ಕೆಳಗೆ ಕ್ಯಾನು ಎರಡಿದ್ದವು. ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ವಾರಕ್ಕೊಮ್ಮೆ ಬದಲಾಯಿಸಲು ಕಲಸಿಟ್ಟ ಉಪ್ಪುನೀರು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ಆದ್ದರಿಂದ ತುಂಬಬೇಕಾದದ್ದು ಸಿಹಿನೀರು. ಸಮುದ್ರಕ್ಕೆ ಯಾರಾದರೂ ಸಿಹಿನೀರು ಹಾಕುತ್ತಾರೆಯೇ ಎಂದು ಅವನು ಶ್ರದ್ಧೆಯಿಂದ ದಿನವೂ ಉಪ್ಪುನೀರನ್ನೇ ಹಾಕಿದ. ಅವಳು ಮನೆಗೆ ಬಂದಾಗ ತೊಟ್ಟಿಯಲ್ಲಿ ಬಿಳಿಯ ಕಲ್ಲುಗಳಿದ್ದವು, ಮತ್ತು ಶಂಖದೊಳಗೆ ಅವಿತುಕೊಂಡ ಒಂದು ಏಡಿ.

ಅವಳು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಊಟಕ್ಕೆ ಬನ್ನಿ, ಬಾಗಿಲು ಹಾಕ್ಕೊಳ್ಳಿ, ಇಷ್ಟರಲ್ಲೇ ಮೂರು ವಾರ ಕಳೆದಿತ್ತು.

ಆ ಮಧ್ಯಾಹ್ನ ಮೇಷ್ಟ್ರ ಮನೆಯಿಂದ ಬಂದವಳು ತೊಟ್ಟಿಯ ಮುಂದೆ ನೆಲದ ಮೇಲೆ ಕೂತಳು. ಹಳೆಯ ನೀರನ್ನೆಲ್ಲ ಚೆಲ್ಲಿ, ಕಲ್ಲು ತೊಳೆದು, ಹೊಸ ನೀರು ತುಂಬಿ ನಾಲ್ಕು ದಿನವಾಗಿತ್ತು. ಮಗಳೂ ಇಲ್ಲವೆಂದ ಮೇಲೆ ಇದೆಲ್ಲ ಯಾರಿಗಾಗಿ? ಆದರೂ ಕೈಯ ಅಭ್ಯಾಸ. ಕೆಳಗಿನ ಖಾನೆಯಿಂದ ಅಳತೆಯ ಪುಸ್ತಕ ತೆಗೆದಳು. ಆಸ್ಪತ್ರೆಗೆ ಹೋದ ಮೇಲೆ ಅದನ್ನು ಮುಟ್ಟಿರಲಿಲ್ಲ. ಅವಳ ಕೊನೆಯ ಬರಹ: ಉಪ್ಪು ಮೂವತ್ತೈದು. ಅಷ್ಟೇ ಇರಬೇಕಾದದ್ದು.

ಅದರ ಕೆಳಗೆ ಇನ್ನೂ ಮೂರು ಸಾಲುಗಳಿದ್ದವು. ತಾರೀಖು ಸಮೇತ, ನೆಟ್ಟಗೆ ನಿಂತ ಅಕ್ಷರ, ಪ್ರತಿ ಅಂಕಿಯ ಕೆಳಗೆ ಪರೀಕ್ಷೆಯ ಉತ್ತರಕ್ಕೆ ಎಳೆಯುವಂತೆ ಜೋಡಿ ಗೆರೆ. ಮೂವತ್ತೇಳು. ಮೂವತ್ತೊಂಬತ್ತು. ನಲವತ್ತೆರಡು.

ಅವಳು ಮೂರು ಸಲ ಓದಿದಳು.

"ರೀ, ಇಲ್ಲಿ ಬನ್ನಿ."

ಗಂಡ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ. ಊಟಕ್ಕಲ್ಲದೆ ಹೆಂಡತಿ ತಾನಾಗಿ ಕರೆದದ್ದು ಮೂರು ವಾರದಲ್ಲಿ ಅದೇ ಮೊದಲು.

"ಮೇಷ್ಟ್ರು ಬಂದಿದ್ರಾ?"

"ಬಂದಿದ್ರಲ್ಲ, ಮೂರು ಸಲ. ಮೀಟರ್ ಹಿಡಿದು ನೋಡಿದ್ರು, ಬರ್ಕೊಂಡ್ರು."

"ಬಂದು ಏನಂದ್ರು?"

"ಏನೂ ಅನ್ಲಿಲ್ಲ. ನಾನೇ ಕೇಳ್ದೆ. ಎರಡನೇ ಸಲ ಬಂದಾಗ ಹೂವು ಮುಚ್ಕೊಂಡಿತ್ತು, ನನಗೂ ಭಯ ಆಯ್ತು. ಈ ಕ್ಯಾನಿಂದ ಹಾಕ್ತಿದ್ದೀನಿ, ಸರಿನಾ ಸಾರ್ ಅಂತ ಕ್ಯಾನ್ ಎತ್ತಿ ತೋರಿಸ್ದೆ. 'ಹಾಗೇ ಮಾಡ್ತಾ ಇರಿ' ಅಂದ್ರು."

ತೊಟ್ಟಿಯ ಪಂಪು ಗೊರಗೊರ ಎನ್ನುತ್ತಿತ್ತು. ಹಲ್ಲಿನಕ್ಕನಿಗೆ ಆಸ್ಪತ್ರೆಗೆ ಮೇಷ್ಟ್ರು ಮಾಡಿದ್ದ ಫೋನು ನೆನಪಾಯಿತು. 'ನೀವು ನಿಶ್ಚಿಂತೆಯಿಂದಿರಿ ಬೀಗರೇ, ನಾನಿದ್ದೀನಲ್ಲ.' ಆ ಮಾತು ಕೇಳಿ ಅವಳು ಆವತ್ತು ಚೆನ್ನಾಗಿ ನಿದ್ದೆ ಮಾಡಿದ್ದಳು.

"ಇದನ್ನ ಯಾಕ್ರೀ ನನಗೆ ಹೇಳ್ಲಿಲ್ಲ?"

"ಹೇಳಿ ಏನು ಮಾಡ್ಲಿ? ಅವರು ಅಷ್ಟು ತಿಳಿದವರು. ನಾನೇ ಸರಿಯಾಗಿ ತೋರಿಸಿರಲಿಲ್ಲವೇನೋ, ಬೇರೆ ಕ್ಯಾನ್ ಅಂದ್ಕೊಂಡ್ರೇನೋ ಅಂತ." ಅವನು ತಲೆ ತಗ್ಗಿಸಿದ. "ತಪ್ಪು ನನ್ನದೇ ತಾನೇ. ಇನ್ನೊಬ್ಬರ ತಲೆ ಮೇಲೆ ಯಾಕೆ ಹಾಕ್ಲಿ?"

ಹಲ್ಲಿನಕ್ಕನಿಗೆ ಅಳು ಬರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಜನ ಸಲೀಸಾಗಿ ಹೇಳುತ್ತಾರೆ. ಬೇಲಿ ಹಾಕಿದವಳು ತಾನೇ ಆದಾಗ ಅದು ನಾಚಿಕೆಯಾಗಿ ಮೈಗೇರುತ್ತದೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡನನ್ನು ಮೂರು ವಾರ ಕಂಬದಂತೆ ನಿಲ್ಲಿಸಿದ್ದೆನಲ್ಲ ಎಂದು ಅವಳ ಮುಖ ಬಿಸಿಯಾಯಿತು.

ಮರುದಿನ ಬೆಳಗ್ಗೆ ಲ್ಯಾಬಿಗೆ ಹೋಗದೆ ನೇರ ಮೇಷ್ಟ್ರ ಮನೆಗೆ ಹೋದಳು. ಬಾಗಿಲು ತೆಗೆದದ್ದು ಮೇಷ್ಟ್ರ ಹೆಂಡತಿ. "ಬನ್ನಿ ಬನ್ನಿ. ಇವರು ಹಾಲು ತರೋಕೆ ಹೋಗಿದ್ದಾರೆ. ನಿನ್ನೆ ನಾನಿಲ್ಲದಾಗ ಬಂದು, ಏನೋ ಅರ್ಜೆಂಟು ಅಂತ ಮಗಳನ್ನೂ ನೋಡದೆ ಹೋದ್ರಂತೆ? ಒಳಗಿದ್ದಾಳೆ, ಹೋಗಿ ನೋಡಿ. ಏನು ಬೆಳೆದಿದ್ದಾಳೆ ಅಂತೀರಿ!" ಎಂದು ತಾನೇ ಒಳಕೋಣೆಯ ಬಾಗಿಲು ತಳ್ಳಿದಳು.

ನೀಲಿ ಬೆಳಕಿನಲ್ಲಿ ಪುಟ್ಟ ತೊಟ್ಟಿ. ಅದರ ನಡುವೆ, ನೀರಿನ ಸೆಳೆತಕ್ಕೆ ಮೆಲ್ಲಗೆ ಓಲಾಡುತ್ತಾ, ಐವತ್ತು ಅರವತ್ತು ನೇರಳೆ ಹೂವುಗಳು. ಬುಡದಲ್ಲಿ ಗುಲಾಬಿ ಒಸಡಿನ ಅಂಚು. ಎರಡು ಹಲ್ಲು ಪೂರ್ತಿ ಮುಚ್ಚಿಹೋಗಿ, ಇನ್ನೆರಡರ ತುದಿ ಮಾತ್ರ ಹೊರಗಿತ್ತು. ತನ್ನ ಕೈಕೆಲಸ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಗಾಜಿನ ಮೇಲೆ ಹೊಸದಾಗಿ ಒಂದು ಚೀಟಿ ಅಂಟಿಸಿತ್ತು. ನೆಟ್ಟಗೆ ನಿಂತ ಅದೇ ಅಕ್ಷರ: 'ಮೇಷ್ಟ್ರ ನೇರಳೆ'.

ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡೇ ಮೇಷ್ಟ್ರು ಬಾಗಿಲಲ್ಲಿ ನಿಂತರು. ಹಲ್ಲಿನಕ್ಕ ಪುಸ್ತಕ ತೆರೆದು ಅವರ ಮುಂದೆ ಹಿಡಿದಳು.

"ಅಳತೆ ಸರಿಯಾಗಿದೆಯಾ ಮೇಷ್ಟ್ರೇ?"

ಅವರು ನೋಡಿದರು. "ಸರಿಯಾಗಿದೆ," ಎಂದರು.

"ಕೊನೇದು ನಲವತ್ತೆರಡು ಬರೆದು, ಕೆಳಗೆ ಎರಡು ಗೆರೆ ಎಳೆದು, ನಮ್ಮ ಮನೇಲಿ ಕಾಫಿ ಕುಡಿದು ಹೋದ್ರಾ?"

"ಅಳತೇನ ಸುಳ್ಳು ಬರೆಯೋಕೆ ಕೈ ಬರ್ಲಿಲ್ಲಮ್ಮಾ."

"ಬಾಯಿ ಬಂತಲ್ಲ." ಅವಳು ಗಾಜಿನ ಮೇಲಿನ ಚೀಟಿ ತೋರಿಸಿದಳು. "ಇದೂ ಅಳತೇನಾ?"

ಮೇಷ್ಟ್ರ ಕೆಳಗಿನ ಸೆಟ್ಟು ಟಕ್ ಎಂದಿತು. "ಇಷ್ಟು ವರ್ಷ ಈ ಹವಳದ ಹುಚ್ಚಲ್ಲೇ ಇದ್ದೀನಿ," ಎಂದರು. "ಎಲ್ಲರಿಗೂ ಕಲಿಸಿದ್ದು ನಾನು. ನನ್ನ ಹೆಸರಿಂದು ಅಂತ ಒಂದು ಹವಳ ಇಲ್ಲ. ನಿಮಗೆ ಕಸದ ಬಕೆಟ್ಟಲ್ಲಿ ಸಿಕ್ತು. ಮೊದಲನೇ ದಿನ ಮೂವತ್ತೇಳು ಬಂದಾಗ ಹೇಳಬೇಕು ಅಂತಲೇ ಬಾಯಿ ತೆಗೆದೆ. ನಾಳೆ ಹೇಳಿದ್ರಾಯ್ತು ಅನ್ನಿಸ್ತು. ಆಮೇಲೆ..." ಅವರು ತೊಟ್ಟಿಯ ಕಡೆ ಕೈ ತೋರಿಸಿದರು. "ತಗೊಂಡು ಹೋಗಿ. ಈಗಲೇ ತಗೊಂಡು ಹೋಗಿ."

"ನನ್ನ ಗಂಡ ಕ್ಯಾನ್ ಎತ್ತಿ ತೋರಿಸಿ ನಿಮ್ಮನ್ನ ಕೇಳಿದ್ರು," ಎಂದಳು ಅವಳು. "ಅದನ್ನ ಎಲ್ಲಿಂದ ತಗೊಂಡು ಹೋಗ್ಲಿ?"

ಮೇಷ್ಟ್ರ ಹೆಂಡತಿ ಗಂಡನ ಮುಖ ನೋಡಿದಳು, ಹಲ್ಲಿನಕ್ಕನ ಮುಖ ನೋಡಿದಳು, ಹಾಲಿನ ಪ್ಯಾಕೆಟ್ಟು ಅವರ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು.

ಎತ್ತಿಕೊಂಡು ಹೋಗುವಂತಿರಲಿಲ್ಲ, ಅದೇ ದೊಡ್ಡ ಹಿಂಸೆ. ಅವಳ ತೊಟ್ಟಿಗೆ ಹೊಸ ನೀರು ತುಂಬಿ ಇನ್ನೂ ಐದೇ ದಿನ. ಈಗ ಒಯ್ದರೆ ಮಗಳೂ ಸಾಯುತ್ತಾಳೆ. ಆ ನೀರು ಪಳಗುವ ತನಕ, ಆರು ವಾರ ಮಗಳು ಇಲ್ಲೇ, ಇದೇ ಮನುಷ್ಯನ ಕೈಯಲ್ಲೇ ಇರಬೇಕು. ಹಲ್ಲಿನಕ್ಕ ತೋಳು ಮೇಲೇರಿಸಿ, ಕರವಸ್ತ್ರ ಬಿಚ್ಚಿ, ಹೊಸ ನಾಲ್ಕು ಹಲ್ಲಿನ ತುಂಡನ್ನು ನೀರಿಗಿಳಿಸಿದಳು. ಹಳೆಯದಕ್ಕೆ ಒತ್ತಿಟ್ಟರೆ ಹವಳ ತಾನಾಗಿ ತೆವಳಿಕೊಂಡು ಬರುತ್ತದೆ, ಕತ್ತರಿಸುವುದೇ ಬೇಡ. ಬೆರಳು ತಾಗಿದ ಕಡೆ ಹೂವುಗಳು ಪಟಪಟನೆ ಮುಚ್ಚಿಕೊಂಡವು.

"ಆರು ವಾರ," ಎಂದಳು. ಪುಸ್ತಕವನ್ನು ತೊಟ್ಟಿಯ ಪಕ್ಕ ಇಟ್ಟಳು. "ದಿನಾ ಇದರಲ್ಲಿ ಬರೀರಿ. ಹೇಗಿದೆ ಅಂತ ನಾನು ನಿಮ್ಮನ್ನ ಕೇಳಲ್ಲ. ಬಂದು ಪುಸ್ತಕ ನೋಡ್ತೀನಿ."

"ಬೀಗರೇ," ಎಂದು ಮೇಷ್ಟ್ರು ಹಿಂದಿನಿಂದ ಕರೆದರು. ಅವಳು ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು.

ಮನೆಗೆ ಬಂದಾಗ ಗಂಡ ತೊಟ್ಟಿಯ ಮುಂದೆ ನಿಂತಿದ್ದ. ನೀರು ಗೆರೆಯಿಂದ ಒಂದು ಬೆರಳು ಇಳಿದಿತ್ತು. ಕೈಯಲ್ಲಿ ಲೋಟ, ಕಾಲ ಬಳಿ ಎರಡೂ ಕ್ಯಾನು. ಅವನು ಲೋಟದ ನೀರನ್ನು ನಾಲಿಗೆಗೆ ತಾಗಿಸಿ ನೋಡಿದ, ಇನ್ನೊಂದು ಸಲ ನೋಡಿದ, ಸುರಿಯಲಿಲ್ಲ.

"ಸಿಹಿ ಅನ್ನಿಸುತ್ತೆ," ಎಂದ. "ಆದ್ರೂ ನೀನೊಂದು ಸಲ ನೋಡ್ಬಿಡು."

"ನೀವು ನೋಡಿದ್ರಲ್ಲ, ಸಾಕು. ಹಾಕಿ."

ಅವನು ಲೋಟ ಚಾಚಿಕೊಂಡೇ ನಿಂತಿದ್ದ. ಅವಳು ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು ವಾಪಸು ಕೊಟ್ಟಳು. ಆಗ ಅವನು ಬಗ್ಗಿ, ಒಂದು ಹನಿಯೂ ಸಿಡಿಯದಂತೆ, ಗೆರೆ ನೋಡುತ್ತಾ ಮೆಲ್ಲಗೆ ಸುರಿಯತೊಡಗಿದ.