ಬಾಯಿಲ್ಲದ ಮುದುಕೀರು

ಕಿಬ್ಬನಹಳ್ಳಿ ಕ್ರಾಸಿಂದ ಒಳಕ್ಕೆ, ತೆಂಗಿನ ತೋಟಗಳ ಮಧ್ಯೆ ಇರೋ ಆ ಹೈಸ್ಕೂಲಲ್ಲಿ ಇಂಗ್ಲಿಷ್ ಪೀರಿಯಡ್ ಅಂದ್ರೆ ಬೆರಳು ನೋವಿನ ಪೀರಿಯಡ್. ಹಿಂದಿದ್ದ ಮೇಷ್ಟ್ರು ಪದ್ಯ ಓದೋರು, ಬೋರ್ಡ್ ತುಂಬ ಸಮ್ಮರಿ ಬರೆಯೋರು, "ಬರ್ಕೊಳ್ರಿ" ಅಂದು ಕಿಟಕಿ ಕಡೆ ತಿರುಗಿ ಕೂತ್ಬಿಡೋರು. ಒಂಬತ್ತನೇ ಕ್ಲಾಸಿನ ಶಿಲ್ಪ ಒಂದಕ್ಷರ ಅರ್ಥ ಆಗ್ದಿದ್ರೂ ಮುತ್ತಿನಂಗೆ ಬರೀತಿದ್ಲು. ನೋಟ್ಸಿಗೆ ಗುಡ್, ಓದು ಅಂದ್ರೆ ಮಾತ್ರ ಕೆಮ್ಮು.

ಆಮೇಲೆ ದಾನೇಶ್ವರಿ ಮಿಸ್ ಬಂದ್ರು. ಅತಿಥಿ ಶಿಕ್ಷಕಿ. ತುರುವೇಕೆರೆ ಕಡೆಯೋರು, ಸ್ಕೂಟಿ, ಹೆಲ್ಮೆಟ್ ಒಳಗೂ ಬಾಡದ ಮಲ್ಲಿಗೆ. ಮೊದಲ ದಿನಾನೇ ಒಂದು ಗೋಣಿಚೀಲ ತಂದು ಕ್ಲಾಸ್ ಮಧ್ಯೆ ಸುರಿದ್ರು. ನೋಡಿದ್ರೆ ಬರೀ ತೆಂಗಿನ ಚಿಪ್ಪು.

"ಪದ್ಯ ಓದ್ಬೇಡಿ. ಬಡೀರಿ" ಅಂದ್ರು.

ಒಬ್ಬೊಬ್ರ ಕೈಗೆ ಎರಡೆರಡು ಚಿಪ್ಪು. ಮಿಸ್ ಇಂಗ್ಲಿಷಲ್ಲಿ ಒಂದೊಂದು ಸಾಲು ಹೇಳೋದು, ಮಾತು ಎಲ್ಲಿ ಒತ್ತುತ್ತೋ ಅಲ್ಲಿ ಇವರು ಟಕ್ ಅನ್ನಿಸೋದು. ಟಕ್ ಟಕ ಟಕ್. ಹೆಡ್‌ಮಾಸ್ಟ್ರು ದಯಾನಂದ್ ಸರ್ ಓಡ್ಬಂದು ಬಾಗ್ಲಲ್ಲಿ ನಿಂತ್ರು.

"ಏನ್ರೀ ಮೇಡಂ ಇದು? ಕ್ಲಾಸೋ, ಸದಾಶಿವಯ್ಯೋರ ಕೊಬ್ಬರಿ ಮನೆಯೋ?"

ಊರಿನ ಆ ಕೊಬ್ಬರಿ ಮನೇಲೂ ದಿನಾ ಇದೇ ಟಕಟಕ. ಎಲ್ಲಾ ಗೊಳ್ ಅಂದ್ರು. ಮಿಸ್ಸೂ ನಕ್ರು. ಚಿಪ್ಪು ಮಾತ್ರ ಕೆಳಗಿಡಿಸ್ಲಿಲ್ಲ.

ಆ ಸ್ಕೂಲಲ್ಲಿ ಇಂಗ್ಲಿಷ್ ಕಲಿಸೋ ಸಾಮಾನೇ ಇರ್ಲಿಲ್ವಾ ಅಂದ್ರೆ, ಇತ್ತು. ಆಫೀಸ್ ರೂಮಲ್ಲಿ ಗಾಜಿನ ಬೀರು. ಅದ್ರೊಳಗೆ ಬಣ್ಣದ ಚಾರ್ಟು, ಅಕ್ಷರದ ಕಾರ್ಡು, ಕೈಗೆ ಹಾಕ್ಕೊಳ್ಳೋ ಬಟ್ಟೆ ಗೊಂಬೆ, ಎಲ್ಲಾ ಬಂದಾಗಿನ ಪ್ಲಾಸ್ಟಿಕ್ ಕವರಲ್ಲೇ. ಬೀಗದಕೈ ಹೆಡ್‌ಮಾಸ್ಟ್ರ ಜೇಬಲ್ಲಿ. ಮಿಸ್ ಕೇಳಿದ್ದಕ್ಕೆ, "ಮಕ್ಕಳ ಕೈಗೆ ಕೊಟ್ರೆ ಹಾಳಾಗುತ್ತೆ ಮೇಡಂ. ಸಾಹೇಬ್ರು ಬಂದಾಗ ಏನ್ ತೋರಿಸ್ಲಿ?" ಅಂದ್ರಂತೆ. ತೆಂಗಿನಕಾಯಿ ಅಟ್ಟದ ಮೇಲೆ ಹಾಕಿದ್ರೆ ವರ್ಷಕ್ಕಾದ್ರೂ ಕೊಬ್ಬರಿ ಆಗುತ್ತೆ. ಈ ಬೀರೂಲಿ ಇಟ್ಟಿದ್ದು ಏನಾಗುತ್ತೆ ಅಂತ ದೇವರಿಗೇ ಗೊತ್ತು.

ಮಿಸ್ ಹಟ ಹಿಡಿದ್ರು. ತೆಂಗಿನ ಮಟ್ಟೆ ಚೂರುಗಳ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಪದ ಬರೆಸಿದ್ರು, ಅದನ್ನ ಅಂಗಳದಲ್ಲಿ ಸಾಲಾಗಿ ಇಟ್ಟು ವಾಕ್ಯ ಮಾಡ್ಸಿದ್ರು. ಯಾವ ಪದದ ಮುಂದೆ ಯಾವುದು ಅಂತ ಹುಡುಗ್ರು ಜಗಳಾನೇ ಆಡೋರು. ಶಿಲ್ಪ ಯಾವಾಗ ಓದೋಕೆ ಶುರು ಮಾಡಿದ್ಲೋ ಅವಳಿಗೇ ತಿಳೀಲಿಲ್ಲ. ಶಾಂಪೂ ಪ್ಯಾಕೆಟ್, ಲಾರಿ ಹಿಂಭಾಗ, ಅಜ್ಜಿ ಮಾತ್ರೆ ಡಬ್ಬ, ಇಂಗ್ಲಿಷ್ ಕಂಡ್ರೆ ಸಾಕು ಬಾಯಿ ಆಡಿಸೋಳು.

"ಏನೇ ಅದು, ಮೇಕೆ ಮೆಲುಕು ಹಾಕ್ದಂಗೆ?" ಅನ್ನೋಳು ಅಜ್ಜಿ ಭೈರಮ್ಮ.

"ಓದ್ತಿದೀನಿ ಕಣಜ್ಜಿ."

"ಓದು ಓದು. ಮಾತ್ರೆ ನುಂಗೋಳು ನಾನು, ಓದೋಳು ನೀನು."

ಅಷ್ಟ್ರಲ್ಲಿ ಮಿಸ್ ಒಂದು ಪುಟ್ಟ ನಾಟಕ ಬರೆದ್ರು. ಒಂದು ಕೋತಿ, ಒಬ್ಬ ಮುದುಕಿ. ಕೋತಿ ಮರ ಹತ್ತಿ ಎಳನೀರು ಕಿತ್ತು ಕುಡಿಯುತ್ತೆ, ಮುದುಕಿ ಕೆಳಗೆ ನಿಂತು ಇಂಗ್ಲಿಷಲ್ಲಿ ಬೈತಾಳೆ. ಗೊಂಬೆ ಮಕ್ಕಳೇ ಮಾಡ್ಬೇಕು ಅಂದ್ರು. ಮುದುಕಿ ಮಾಡೋಕೆ ಶಿಲ್ಪ ಕೈ ಎತ್ತಿದ್ಲು.

ಅವಳ ಅಜ್ಜಿ ಸದಾಶಿವಯ್ಯೋರ ಕೊಬ್ಬರಿ ಮನೇಲಿ ಚಿಪ್ಪು ಬಿಡಿಸೋ ಕೆಲಸದೋಳು. ಒಳ್ಳೇ ದುಂಡನೆ ಚಿಪ್ಪು ಆರಿಸಿ ತಂದ್ಲು. ಮೇಲಿನ ಹೋಳು ಮುಖ, ಕೆಳಗಿನ ಹೋಳು ದವಡೆ. ತಲೆಗೆ ನಾರಿನ ಕೂದಲು, ಮೈಗೆ ಅಜ್ಜಿ ಹಳೇ ಸೀರೆ ಚೂರು. ದವಡೆಗೆ ಬಾಳೆನಾರು ಕಟ್ಟಿ ಹಿಂದೆ ಎಳೆದ್ರೆ ಬಾಯಿ ಕಟಕಟ ಅನ್ನೋದು.

"ನಾರು ನೆನೆಸ್ಕಂಡೇ ಎಳೀಬೇಕು ಕಣೇ ಮಗ" ಅಂದ್ಲು ಅಜ್ಜಿ, ಹೂ ಕಟ್ಟುವಾಗ ನೀರಲ್ಲಿ ನೆನೆಹಾಕೋ ನಾರನ್ನೇ ಕಿತ್ತು ಕೊಟ್ಟು. "ಒಣಗಿದ್ ನಾರು, ಹಸಿದ್ ಹೆಂಗ್ಸು, ಎಲ್ ಕಿತ್ಕತವೋ ಹೇಳಕ್ಕಾಗಕ್ಕಿಲ್ಲ."

ಕ್ಲಾಸಲ್ಲಿ ಆಡಿದ ದಿನ ಶಿಲ್ಪ ಬಾಟ್ಲಿ ನೀರಲ್ಲಿ ನಾರು ಒದ್ದೆ ಮಾಡ್ಕೊಂಡು ಮೇಜಿನ ಹಿಂದೆ ಕೂತ್ಲು. ಮಿಸ್ ಬರೆದಿದ್ದನ್ನೆಲ್ಲಾ ಹೇಳಿದ್ಲು. "ಕಮ್ ಡೌನ್, ಯೂ ಥೀಫ್! ದಟ್ ಈಸ್ ಮೈ ಟ್ರೀ!" ಕೋತಿ ಆಡಿಸ್ತಿದ್ದ ಹುಡುಗ ಹಲ್ಲು ಕಿರಿದ. ಅದನ್ನ ನೋಡಿ ಶಿಲ್ಪಂಗೆ ಅದೇನು ಬಂತೋ, ಅಜ್ಜಿ ತೋಟದಲ್ಲಿ ಸೊಂಟಕ್ಕೆ ಕೈ ಕೊಟ್ಟು ಬೈಯೋ ರಾಗದಲ್ಲೇ ಕೂಗಿದ್ಲು:

"ಐ ನೋ ಯುವರ್ ಮದರ್ ಆಲ್ಸೋ!"

ಇಡೀ ಕ್ಲಾಸೇ ಬಿದ್ದು ಬಿದ್ದು ನಕ್ತು. ಮಿಸ್ ನಕ್ಕು ನಕ್ಕು ಕಣ್ಣು ಒರೆಸ್ಕೊಂಡ್ರು.

"ಯಾರೇ ಹೇಳ್ಕೊಟ್ಟಿದ್ದು ಇದನ್ನ?"

"ಯಾರೂ ಇಲ್ಲ ಮಿಸ್. ನಮ್ಮಜ್ಜಿ ಕೋತಿಗೆ ಬೈಯೋದು ಹಂಗೇಯ. ನಿಮ್ಮವ್ವನೂ ಗೊತ್ತು ಕಣ್ಲಾ ನಂಗೆ, ಅಂತ."

ಮಿಸ್ ಅವಾಗ್ಲೇ ಪೆನ್ ತಗೊಂಡು ನಾಟಕದೊಳಗೆ ಆ ಸಾಲು ಬರ್ಕೊಂಡ್ರು. "ಇದು ನಿನ್ ಸಾಲು ಕಣೇ ಶಿಲ್ಪ. ನಿಂದೇ" ಅಂದ್ರು.

ಅವತ್ತು ಮನೆಗೆ ಹೋಗೋ ದಾರೀಲಿ ಶಿಲ್ಪ ಆ ಸಾಲನ್ನ ಎಮ್ಮೆಗೆ ಹೇಳಿದ್ಲು, ಕರೆಂಟ್ ಕಂಬಕ್ಕೆ ಹೇಳಿದ್ಲು, ಬಾವಿಗೆ ಬಗ್ಗಿ ಹೇಳಿದ್ಲು. ಬಾವಿ ವಾಪಸ್ ಹೇಳ್ತು. ಹುಟ್ಟಿದಾಗಿಂದ ಬೇರೆಯೋರ ಇಂಗ್ಲಿಷನ್ನ ಬರ್ಕೊಂಡಿದ್ದೇ ಆಯ್ತು, ಇದೊಂದು ಅವಳ ಬಾಯಿಂದ ಹುಟ್ಟಿದ್ದು.

ತಿಪಟೂರಲ್ಲಿ ಕಲಿಕೋಪಕರಣ ಮೇಳ ಅಂತ ಬಂತು. ಪಾಠ ಹೇಳೋಕೆ ಮೇಷ್ಟ್ರುಗಳು ಏನೇನು ಮಾಡಿದಾರೆ ಅಂತ ತೋರಿಸೋದು, ಚೆನ್ನಾಗಿದ್ರೆ ಬಹುಮಾನ. ಮುದುಕಿ ಗೊಂಬೇನೇ ತಗೊಂಡೋಗೋದು ಅಂತ ತೀರ್ಮಾನ ಆಯ್ತು. ಶಿಲ್ಪ ಯೂನಿಫಾರ್ಮ್ ಒಗೆದು ಹಾಸಿಗೆ ಕೆಳಗೆ ಮಡಿಸಿಟ್ಟು ಇಸ್ತ್ರಿ ಮಾಡ್ಕೊಂಡ್ಲು. ಹಿಂದಿನ ದಿನ ಮಿಸ್ ಅವಳನ್ನ ಜಗಲಿಗೆ ಕರೆದ್ರು.

"ಶಿಲ್ಪ, ನಾಳೆ ಗೊಂಬೆ ನಿಸರ್ಗ ಆಡಿಸ್ತಾಳೆ."

ನಿಸರ್ಗ ಅಂದ್ರೆ ಸದಾಶಿವಯ್ಯೋರ ಮಗಳು. ಏಳನೇ ಕ್ಲಾಸಿನವರೆಗೂ ತಿಪಟೂರ ಕಾನ್ವೆಂಟಲ್ಲಿ ಓದಿದೋಳು. ಅವರಪ್ಪ ಸ್ಕೂಲ್ ಕಮಿಟಿ ಅಧ್ಯಕ್ಷರಾದ ಮೇಲೆ, ಅಧ್ಯಕ್ಷರ ಮಗಳೇ ಸರ್ಕಾರಿ ಸ್ಕೂಲಲ್ಲಿ ಓದ್ತಾಳೆ ಅನ್ನಿಸ್ಕೊಳ್ಳೋಕೆ ಇಲ್ಲಿಗೆ ಸೇರ್ಸಿದ್ರು.

"ಯಾಕ್ ಮಿಸ್? ನಾನ್ ತಪ್ ಹೇಳ್ತೀನಾ?"

"ತಪ್ಪಲ್ಲ ಕಣೇ. ಜಡ್ಜ್‌ಗಳು ಉಚ್ಚಾರಣೆ ನೋಡ್ತಾರೆ. ನಿಸರ್ಗಂದು ಸ್ವಲ್ಪ ಸ್ಪಷ್ಟ." ಮಿಸ್ ಅಂಗಳ ನೋಡ್ಕೊಂಡು ಮಾತಾಡ್ತಿದ್ರು. "ಕಮಿಟಿಯೋರು ಹೇಳಿದ್ರೆ ತಾನೇ ಮುಂದಿನ ವರ್ಷ ನನ್ನ ಕರೆಯೋದು. ನಿಂಗೆ ಇದೆಲ್ಲಾ ಅರ್ಥ ಆಗಲ್ಲ ಬುಡು. ನೀನೂ ಬಾ, ಚೀಲ ಹಿಡ್ಕೊಳ್ಳೋಕೆ ಒಬ್ರು ಬೇಕು."

"ನನ್ ಸಾಲು ಮಿಸ್?"

"ಅದೂ ನಾಟಕದ್ದೇ ಅಲ್ವಾ."

ಶಿಲ್ಪ ಗೊಂಬೆ ಕೊಟ್ಬಿಟ್ಲು. ನಾರಿನ ವಿಷಯ ನಾಲಗೆ ತುದಿಗೆ ಬಂತು. ಹಲ್ಲಲ್ಲೇ ಕಚ್ಚಿ ಇಟ್ಕೊಂಡ್ಲು.

ಆಚೆ ಬಂದ್ರೆ ನಿಸರ್ಗ ನಿಂತಿದ್ಲು. ಪಾಪ, ಅವಳ ಮುಖಾನೂ ಅಷ್ಟೇನು ಅರಳಿರ್ಲಿಲ್ಲ. "ಶಿಲ್ಪ, ಆ ಮದರ್ ಅನ್ನೋ ಸಾಲು ಹೆಂಗೆ ಹೇಳ್ತೀಯ, ಒಂದ್ಸಲ ಹೇಳೇ."

"ನಿಂದು ಸ್ಪಷ್ಟ ಅಂತಲ್ಲ. ಹೇಳ್ಕೋ ಸ್ಪಷ್ಟವಾಗಿ."

ಮಾರನೇ ದಿನ ಬಸ್ಸಲ್ಲಿ ಶಿಲ್ಪನ ತೊಡೆ ಮೇಲೆ ಚೀಲ, ಚೀಲದಲ್ಲಿ ಮುದುಕಿ, ಪಕ್ಕದಲ್ಲೇ ಅವಳ ನೀರಿನ ಬಾಟ್ಲಿ. ಬಾಟ್ಲಿ ತುಂಬ ನೀರು. ತಿಪಟೂರ ಹತ್ರ ಬಂದಾಗ ಮಿಸ್ ಹಿಂದಕ್ಕೆ ತಿರುಗಿದ್ರು.

"ಶಿಲ್ಪ, ಏನಾದ್ರೂ ಮರ್ತಿದೀವಾ? ಗೊಂಬೆಗೆ ಏನಾದ್ರೂ ಮಾಡ್ಬೇಕಾ?"

ಬಾಟ್ಲಿ ಅವಳ ಕೈಯಲ್ಲೇ ಇತ್ತು.

"ಏನಿಲ್ಲ ಮಿಸ್."

ಮಿಸ್ ಅವಳನ್ನೇ ಒಂದು ಗಳಿಗೆ ನೋಡಿ ಮುಂದಕ್ಕೆ ತಿರುಗಿದ್ರು.

ಮೇಳದ ಹಾಲಲ್ಲಿ ಥರ್ಮಾಕೋಲ್ ವಾಸನೆ, ಗಮ್ ವಾಸನೆ, ಉಪ್ಪಿಟ್ಟಿನ ವಾಸನೆ. ಶಿಲ್ಪ ಗೋಡೆಗೆ ಒರಗಿ ನಿಂತ್ಲು. ಮೇಜಿನ ಹಿಂದಿಂದ ಮುದುಕಿ ಎದ್ಲು. ಎಳೀಲಿ, ಈಗ ಎಳೀಲಿ, ಕಿತ್ಕೊಂಡು ದವಡೆ ನೆಲಕ್ಕೆ ಬೀಳ್ಲಿ. ಹಂಗಂದ್ಕೊಂಡ ಮರುಗಳಿಗೇನೇ, ಬೀಳ್ಬೇಡ ಕಣೇ ಮುದುಕಿ, ನಿನ್ನ ಮಾಡಿದ್ದು ನಾನು ಕಣೇ, ಅಂತ ಬೇಡ್ಕೊಂಡ್ಲು. ಕಟಕಟ, ಕಟಕಟ. ದವಡೆ ಆಡ್ತಾನೇ ಇತ್ತು. "ಕಮ್ ಡೌನ್, ಯೂ ಥೀಫ್" ಆಯ್ತು. "ಮೈ ಟ್ರೀ" ಆಯ್ತು. ಆಮೇಲೆ ನಿಸರ್ಗ, ಟೀವಿ ನ್ಯೂಸ್ ಓದೋರ ಥರ ಅಚ್ಚುಕಟ್ಟಾಗಿ, "ಐ ನೋ ಯುವರ್ ಮದರ್ ಆಲ್ಸೋ" ಅಂದ್ಲು.

ಜಡ್ಜ್‌ಗಳು ನಕ್ರು. ಚಪ್ಪಾಳೆ ಬಿತ್ತು. ಕನ್ನಡಕದ ಜಡ್ಜ್ ಒಬ್ರು ಎದ್ದು ಬಂದು ಗೊಂಬೆ ಹಿಂದೆ ಮುಂದೆ ತಿರುಗಿಸಿ ನೋಡಿದ್ರು. "ಆ ಡೈಲಾಗ್ ಬಹಳ ಒರಿಜಿನಲ್ ಆಗಿದೆ ಮೇಡಂ. ನೀವೇ ಬರೆದಿದ್ದಾ?"

"ಹೌದು ಸರ್" ಅಂದ್ರು ಮಿಸ್. ಆಮೇಲೆ, ಕೇಳ್ದೆ ಇದ್ರೂ, "ಮೊದಲು ಬಾಳೆನಾರು ಕಟ್ಟಿದ್ವಿ ಸರ್. ಒಣಗಿದ್ರೆ ಕಿತ್ತೋಗುತ್ತೆ ಅಂತ ನಿನ್ನೆ ಬಿಚ್ಚಿ ನೈಲಾನ್ ದಾರ ಹಾಕ್ದೆ" ಅಂದ್ರು. ಹೇಳ್ತಾ ಗೋಡೆ ಕಡೆ ನೋಡಿದ್ರು.

ಶಿಲ್ಪ ನೀರಿನ ಬಾಟ್ಲಿನ ಚೀಲದ ತಳಕ್ಕೆ ತುರುಕಿದ್ಲು.

ಬಹುಮಾನ ಬಂತು. ಮಿಸ್ಸಿಗೆ ಶಾಲು, ನಿಸರ್ಗಂಗೆ ಡಿಕ್ಷನರಿ. ವಾಪಸ್ ಬರೋ ಬಸ್ಸಲ್ಲಿ ಮಿಸ್ ಬಂದು ಶಿಲ್ಪನ ಪಕ್ಕ ಕೂತ್ರು.

"ನೀನು ಹೇಳ್ತೀಯೇನೋ ಅಂತ ಕಾಯ್ತಿದ್ದೆ ಕಣೇ. ನಮ್ಮನೇಲೂ ಹೂ ಕಟ್ತಾರೆ, ಬಾಳೆನಾರು ನಂಗೂ ಗೊತ್ತು. ಬೇಕಂತ ಕೇಳ್ದೆ. ಬಾಟ್ಲಿ ಇಟ್ಕೊಂಡೂ ಏನಿಲ್ಲ ಅಂದ್ಬಿಟ್ಟೆ." ಶಾಲನ್ನ ಮಡಿಸಿ ಮಡಿಸಿ ಚಿಕ್ಕದು ಮಾಡ್ತಿದ್ರು. "ನೀನು ಹಿಂಗೆ ಅಂತ ಅನ್ಕೊಂಡಿರ್ಲಿಲ್ಲ."

ಬಸ್ಸಿನ ಕಿಟಕಿ ಗಡಗಡ ಅಂತಿತ್ತು. ಮಿಸ್, ನೀವು ಹೌದು ಸರ್ ಅಂದ್ರಲ್ಲ, ಅಂತ ಕೇಳ್ಬೇಕಿತ್ತು. ಬಾಯಿ ಬರ್ಲಿಲ್ಲ. ಕಿತ್ಕೊಂಡೋರು ಅವರು, ಕಳ್ಳಿ ಆಗಿದ್ದು ಇವಳು. ಇದ್ಯಾವ ನ್ಯಾಯ ಅಂತ ಮನೇಲಿ ಅಜ್ಜಿ ಮುಂದೆ ಅತ್ಲು.

"ನೀನು ನಾರಿನ ವಿಷ್ಯ ಹೇಳ್ಬೇಕಿತ್ತು ಮಗ" ಅಂದ್ಲು ಅಜ್ಜಿ. ಸೆರಗಲ್ಲಿ ಅವಳ ಮುಖ ಒರೆಸಿ, "ಹೇಳಿದ್ರೂ ನಿಂಗೇನೂ ಸಿಕ್ತಿರ್ಲಿಲ್ಲ. ಅದು ಬ್ಯಾರೆ ಮಾತು" ಅಂದ್ಲು.

ಸೋಮವಾರ ಮುದುಕಿ ಗಾಜಿನ ಬೀರು ಸೇರಿದ್ಲು. ಕೆನ್ನೆಗೆ ಆಯಿಲ್ ಪೇಂಟ್, ತುಟಿಗೆ ಕೆಂಪು, ಮೇಲೆ ಹೊಸ ಪ್ಲಾಸ್ಟಿಕ್ ಕವರ್. ಶಿಲ್ಪ ಆಫೀಸ್ ರೂಮಿಗೆ ಹಾಜರಿ ಪುಸ್ತಕ ಕೊಡೋಕೆ ಹೋದಾಗ ಗಾಜಿನ ಮೇಲೆ ಕೈ ಇಟ್ಲು.

"ಏಯ್, ಮುಟ್ಬೇಡ! ಬಹುಮಾನ ಬಂದಿರೋ ಐಟಂ ಅದು" ಅಂದ್ರು ದಯಾನಂದ್ ಸರ್.

ಚಿಪ್ಪಿನ ಗೋಣಿಚೀಲ ಸ್ಟೋರ್ ರೂಮಿಗೆ ಹೋಯ್ತು. ಪರೀಕ್ಷೆ ಹತ್ರ ಬಂತು, ಪೋರ್ಷನ್ ಮುಗೀಬೇಕು. ಮಿಸ್ ಬೋರ್ಡ್ ತುಂಬ ಬರೆಯೋಕೆ ಶುರು ಮಾಡಿದ್ರು. "ಬರ್ಕೊಳ್ಳಿ" ಅನ್ನೋದನ್ನ ಮಾತ್ರ ಹಿಂದಿನ ಮೇಷ್ಟ್ರಿಗಿಂತ ಮೆತ್ತಗೆ ಹೇಳೋರು.

ಅಷ್ಟ್ರಲ್ಲಿ ಮೇಲಿಂದ ಮಾತು ಬಂತು. ಅಕ್ಕಪಕ್ಕದ ಸ್ಕೂಲಿಗೂ ಅದೇ ಥರದ ಗೊಂಬೆ ಬೇಕಂತೆ. ಮಿಸ್ ಕ್ಲಾಸಲ್ಲಿ ಎಲ್ರ ಎದುರಿಗೇ ಕೇಳಿದ್ರು.

"ಶಿಲ್ಪ, ಮಾಡ್ಕೊಡ್ತೀಯಾ? ನಿನ್ ಕೈ ಚೆನ್ನಾಗಿದೆ."

"ಮಾಡ್ತೀನಿ ಮಿಸ್."

ಮಾಡಿದ್ಲು. ಅಜ್ಜಿನೂ ಕೂತ್ಲು, ಕೂದಲಿಗೆ ನಾರು ಬಿಡಿಸಿ ಕೊಟ್ಲು. ಒಂದು ಹಂತಕ್ಕೆ ಬಂದಾಗ ಮೊಮ್ಮಗಳ ಕೈ ನೋಡಿ, "ಏನೇ ಇದು?" ಅಂದ್ಲು. ಶಿಲ್ಪ ಇನ್ನೊಂದು ಚಿಪ್ಪು ಎತ್ಕೊಂಡ್ಲು. ಅಜ್ಜಿ ಮತ್ತೆ ನಾರು ಬಿಡಿಸೋಕೆ ಕೂತ್ಲು.

ಗೋಣಿಚೀಲ ಹೊತ್ಕೊಂಡು ಆಫೀಸ್ ರೂಮಿಗೆ ಹೋಗಿ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ್ಲು. ಒಳ್ಳೊಳ್ಳೇ ಮುದುಕೀರು. ಕುಂಕುಮ, ಬುಗುಡಿ, ಬಣ್ಣದ ಸೀರೆ. ಮಿಸ್ ಖುಷಿಯಾಗಿ ಒಂದನ್ನ ಎತ್ಕೊಂಡು ಹಿಂದೆ ದಾರ ಹುಡುಕಿದ್ರು. ದಾರ ಇರ್ಲಿಲ್ಲ. ತಿರುಗಿಸಿ ನೋಡಿದ್ರು. ದವಡೆ ಇರ್ಲಿಲ್ಲ. ಇಡೀ ಚಿಪ್ಪಿಗೆ ಕಣ್ಣು, ಮೂಗು, ಅದರ ಕೆಳಗೆ ನುಣ್ಣಗೆ. ಒಂದೊಂದೇ ಎತ್ತಿ ನೋಡಿದ್ರು. ಯಾವುದಕ್ಕೂ ಇಲ್ಲ.

"ಬಾಯಿ ಎಲ್ಲೇ ಶಿಲ್ಪ?"

"ಬಾಯಿಗೆ ನಿಸರ್ಗ ಇದಾಳಲ್ಲ ಮಿಸ್."

ಮಿಸ್ ಮುಖ ಸುಟ್ಟಂಗಾಯ್ತು. ಶಿಲ್ಪ ಕಾದ್ಲು. ಬೈಲಿ, ಹೊಡೀಲಿ, ಇಲ್ಲಾ ಆ ಸಾಲು ನಿಂದು ಕಣೇ ಅಂತ ಇನ್ನೊಂದ್ಸಲ ಹೇಳ್ಲಿ. ಯಾವುದಾದ್ರೂ ಒಂದು ಆಗ್ಲಿ. ಮಿಸ್ ತುಟಿನೂ ತೆರೀತು.

ಅಷ್ಟ್ರಲ್ಲಿ ದಯಾನಂದ್ ಸರ್ ಬಂದ್ರು. ಕನ್ನಡಕ ಮೇಲೆತ್ತಿ ಎಲ್ಲಾ ನೋಡಿದ್ರು.

"ಅರೆ, ಭಾಳ ಚೆನ್ನಾಗವೆ ಕಣ್ರೀ!"

"ಸರ್, ಬಾಯಿ ಇಲ್ಲ ಸರ್ ಇವಕ್ಕೆ" ಅಂದ್ರು ಮಿಸ್.

"ಬೀರೂಲಿ ಇಡೋಕೆ ತಾನೇ ಮೇಡಂ? ಬಾಯಿ ಯಾಕೆ? ಕವರ್ ಹಾಕಿ ಕಳ್ಸಿ."

ಮಿಸ್ ತೆರೆದ ತುಟಿ ಮುಚ್ಕೊಂಡು ಕವರ್ ಕತ್ತರಿಸೋಕೆ ಕೂತ್ರು.

ಪರೀಕ್ಷೇಲಿ ಮಿಸ್ ತಮ್ಮ ನಾಟಕದ್ದೂ ಒಂದು ಪ್ರಶ್ನೆ ಕೊಟ್ಟಿದ್ರು. "ಐ ನೋ ಯುವರ್ ಮದರ್ ಆಲ್ಸೋ." ಯಾರು ಯಾರಿಗೆ ಹೇಳಿದರು? ಶಿಲ್ಪ ಬಹಳ ಹೊತ್ತು ಪೆನ್ ಹಿಡ್ಕೊಂಡು ಕೂತಿದ್ಲು. ಆಮೇಲೆ ನೋಟ್ಸಲ್ಲಿ ಇದ್ದಂಗೇ, ಮುತ್ತಿನಂಥ ಅಕ್ಷರದಲ್ಲಿ, ಮುದುಕಿ ಕೋತಿಗೆ ಹೇಳಿದ್ದು ಅಂತ ಇಂಗ್ಲಿಷಲ್ಲಿ ಬರೆದ್ಲು.

ಮಿಸ್ ರೈಟ್ ಹಾಕಿ ಒಂದು ಮಾರ್ಕ್ಸ್ ಕೊಟ್ಟಿದ್ರು.